ನಾಲೆಯ ಈಚೆ ನಿಂತ ಹುಡುಗಿ

ಎರಡನೆಯ ಮಹಾಯುದ್ಧ ಶುರುವಾದ ಮಾರನೆಯ ವರ್ಷ ಯಶೋದಮ್ಮ ಚಿಕ್ಕ ಮಕ್ಕಳಿಗೆಂದು ಆಟದ ಹಾಳೆಗಳನ್ನು ಮಾಡಿಸಿದಳು. ಅವಳು ಮಂಡ್ಯದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಒಂದನೇ ತರಗತಿಯ ಉಪಾಧ್ಯಾಯಿನಿ. ಅಕ್ಷರ ತಿದ್ದಿಸುವುದಕ್ಕೆ ಮೊದಲು ಮಕ್ಕಳ ಕಣ್ಣು, ಬೆರಳು ಎರಡೂ ಪಳಗಬೇಕು ಎಂದು ಅವಳು ನಂಬಿದ್ದಳು. ಒಂದು ಹಾಳೆಯಲ್ಲಿ ಕೋಳಿಯಿಂದ ಅದರ ಮರಿಗಳಿಗೆ ಗೆರೆ ಎಳೆಯಬೇಕು. ಇನ್ನೊಂದರಲ್ಲಿ ಮಡಕೆಗಳನ್ನು ಎಣಿಸಿ ಅಷ್ಟು ಸೊನ್ನೆ ಸುತ್ತಬೇಕು. ಮತ್ತೊಂದರಲ್ಲಿ ಒಬ್ಬ ಹುಡುಗಿ ದಾರಿಯ ಈ ತುದಿಯಲ್ಲಿ ನಿಂತಿದ್ದಾಳೆ. ಅಂಕುಡೊಂಕಾದ ಆ ದಾರಿಯಲ್ಲಿ ಸೀಸದಕಡ್ಡಿ ಆಡಿಸಿ, ಕಬ್ಬಿನ ಗದ್ದೆ ಬಳಸಿ, ನಾಲೆಯ ಮೇಲಿನ ಸಣ್ಣ ಸೇತುವೆ ದಾಟಿಸಿ ಅವಳನ್ನು ಮನೆ ಸೇರಿಸಬೇಕು.

ಚಿತ್ರ ಬರೆದವಳು ಬಷೀರುನ್ನೀಸಾ, ಪಕ್ಕದ ಬೀದಿಯ ಬಾಬು ಜಾನನ ಹೆಂಡತಿ. ಅವಳ ತಂದೆ ಜಟಕಾ ಗಾಡಿಗಳಿಗೆ ಹೂವು, ಹಕ್ಕಿ ಬರೆಯುತ್ತಿದ್ದವನು. ಕೈ ಅಲ್ಲಿಂದ ಬಂದದ್ದು. ಹಿಂದಿನ ಮಳೆಗಾಲದಲ್ಲಿ ಅವಳ ಒಬ್ಬಳೇ ಮಗಳು ಆಮಿನಾ ಚಳಿಜ್ವರದಲ್ಲಿ ತೀರಿಕೊಂಡಿದ್ದಳು. ಆಮೇಲೆ ಬಷೀರುನ್ನೀಸಾ ಹೊಸಿಲು ದಾಟುವುದನ್ನೇ ಬಿಟ್ಟಳು. ಸೈಕಲ್ ರಿಪೇರಿ ಮಾಡುವ ಬಾಬು ಜಾನ್ ತಾನೇ ಬಂದು, ಅವಳ ಕೈಗೆ ಏನಾದರೂ ಕೆಲಸ ಕೊಡಿ ಎಂದು ಯಶೋದಮ್ಮನನ್ನು ಕೇಳಿಕೊಂಡಿದ್ದ.

ಬರೆದ ಹಾಳೆಗಳು ಕೈಗೆ ಬಂದಾಗ ಯಶೋದಮ್ಮ ಹುಡುಗಿಯ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಮುಂದಿನ ಹಲ್ಲು ಬಿದ್ದ ಬಾಯಿ, ಬಿಚ್ಚಿಕೊಂಡ ಎಡಗಡೆಯ ಜಡೆ. ದಾರಿಯ ತುದಿಯಲ್ಲಿ ನಿಂತಿದ್ದವಳು ಆಮಿನಾ. ಯಶೋದಮ್ಮ ಹಾಳೆಗಳನ್ನು ಜೋಡಿಸಿ ಚೀಲಕ್ಕೆ ಹಾಕಿಕೊಂಡಳು.

ಹಾಳೆಗಳನ್ನು ಕಲ್ಲಚ್ಚಿನಲ್ಲಿ ಹಾಕಿಸಿ ನಾಲ್ಕಾರು ಊರಿನ ಶಾಲೆಗಳಿಗೆ ಕಳಿಸಿದ್ದಾಯಿತು. ಎರಡನೆಯ ಸಲ ಅಚ್ಚು ಹಾಕಿಸುವ ಮೊದಲು ಅವು ಮಕ್ಕಳಿಗೆ ಹಿಡಿಸಿದವೋ ಇಲ್ಲವೋ ನೋಡಿ ತಿದ್ದಬೇಕು, ಕಾಗದ ಸಿಗುವುದೇ ಕಷ್ಟದ ಕಾಲ. ಯಶೋದಮ್ಮ ರಜ ಸಿಕ್ಕಾಗೆಲ್ಲ ತಾನೇ ಹೊರಟಳು. ಕೋಳಿಮರಿಗಳು ತೀರ ಚಿಕ್ಕವು, ಮಕ್ಕಳಿಗೆ ಇರುವೆಯಂತೆ ಕಾಣುತ್ತವೆ ಎಂದರು ಮದ್ದೂರಿನವರು. ಹನಕೆರೆಯ ಉಪಾಧ್ಯಾಯರು, ರೈಲು ಬಂದರೆ ಮಕ್ಕಳೆಲ್ಲ ಕಿಟಕಿಗೆ ಓಡುತ್ತವೆ, ಆ ಹುಡುಗಿಯ ಹಾಳೆ ಕೈಲಿದ್ದಾಗ ಮಾತ್ರ ಏಳುವುದಿಲ್ಲ ಎಂದರು. ಮಳವಳ್ಳಿಯಲ್ಲಿ, ಸೀಸದಕಡ್ಡಿ ಹಿಡಿದು ಗೊತ್ತಿಲ್ಲದ ಮಕ್ಕಳು ಕಾಗದವನ್ನೇ ಹರಿದಿದ್ದವು. ಮೊದಲು ಇದ್ದಿಲು ಕೊಟ್ಟು ನೆಲದ ಮೇಲೆ ಬರೆಸಿ ಎಂಬ ಸಲಹೆ ಸಿಕ್ಕಿತು.

ಸಂಜೆ ಬಂದು ಇದನ್ನೆಲ್ಲ ಹೇಳಿದರೆ ಬಷೀರುನ್ನೀಸಾಳಿಗೆ ಕೋಳಿಯೂ ಬೇಡ, ಮಡಕೆಯೂ ಬೇಡ. ಹುಡುಗಿಯ ಬಗ್ಗೆ ಮಕ್ಕಳು ಏನು ಕೇಳಿದವು ಎಂಬುದಷ್ಟೇ ಬೇಕು. ಅವಳ ಹೆಸರೇನು ಎಂದು ಕೇಳಿದವು, ಒಬ್ಬಳೇ ಯಾಕೆ ಬಂದಳು ಎಂದು ಕೇಳಿದವು, ಉಂಡಿದ್ದಾಳಾ ಎಂದು ಮಳವಳ್ಳಿಯ ಒಂದು ಮಗು ಕೇಳಿತು. ಆ ಕೊನೆಯ ಮಾತನ್ನು ಬಷೀರುನ್ನೀಸಾ ಮತ್ತೆ ಹೇಳಿಸಿಕೊಂಡಳು. ಅವತ್ತು ಅವಳು ಸರಿಯಾಗಿ ಊಟ ಮಾಡಿದಳೆಂದು ಬಾಬು ಜಾನ್ ಆಮೇಲೆ ಹೇಳಿದ.

ಉಳಿದದ್ದು ಚಿಕ್ಕರಸಿನಕೆರೆ. ಅಲ್ಲಿಯ ಮಹದೇವಯ್ಯ ಮೇಷ್ಟರು ಮಕ್ಕಳು ಮಾಡಿದ ಹಾಳೆಗಳನ್ನು ಮುಂದಿಟ್ಟರು. ಕೋಳಿ ಸರಿಯಾಗಿತ್ತು, ಮಡಕೆ ಸರಿಯಾಗಿತ್ತು. ಹುಡುಗಿಯ ಹಾಳೆಯಲ್ಲಿ ಮಾತ್ರ ಎಲ್ಲ ಮಕ್ಕಳ ಗೆರೆಯೂ ನಾಲೆಯ ಸೇತುವೆಯ ತನಕ ಬಂದು ನಿಂತಿತ್ತು. ಒಂದು ಗೆರೆಯೂ ದಾಟಿರಲಿಲ್ಲ.

ಸೇತುವೆ ಕಿರಿದಾಯಿತೇನೋ ಎಂದುಕೊಂಡು ಯಶೋದಮ್ಮ ಮಕ್ಕಳ ನಡುವೆ ಹೋದಳು. ಚಾಪೆಯ ಮೇಲೆ ಒಂದು ಜಾಗ ತೆರವಿತ್ತು. ಅಲ್ಲಿ ಕೂರಲು ಹೋದಾಗ ಪಕ್ಕದ ಹುಡುಗಿ ಅವಳ ಸೆರಗು ಹಿಡಿದು ಈಚೆಗೆ ಎಳೆದಳು. ಯಶೋದಮ್ಮ ಇತ್ತ ಸರಿದು ಕೂತು, ಅದೇ ಹುಡುಗಿಯ ಕೈಗೆ ಹೊಸ ಹಾಳೆ ಕೊಟ್ಟಳು. ಸೀಸದಕಡ್ಡಿ ಗದ್ದೆ ಬಳಸಿತು, ತಿರುವು ತಿರುಗಿತು, ಸೇತುವೆಯ ಹತ್ತಿರ ಮೇಲೆದ್ದಿತು.

"ಮುಂದಕ್ಕೆ ಎಳಿಯಮ್ಮ, ಮನೆ ಅಲ್ಲೇ ಇದೆಯಲ್ಲ," ಎಂದಳು ಯಶೋದಮ್ಮ.

"ಬಿದ್ದೋಯ್ತಾಳೆ," ಎಂದಿತು ಮಗು.

ಯಾರು ಎಂದು ಕೇಳಿದ್ದಕ್ಕೆ ಅದು ತೆರವಿದ್ದ ಜಾಗದ ಕಡೆ ನೋಡಿತು. ಉಳಿದ ಮಕ್ಕಳೂ ಅತ್ತಲೇ ನೋಡಿದವು. ನಡುಹಗಲು, ಹೊರಗೆ ರಾಗಿ ಒಕ್ಕುವ ಸದ್ದು ಕೇಳುತ್ತಿತ್ತು. ಆದರೂ ಯಶೋದಮ್ಮನಿಗೆ ಅಲ್ಲಿ ಕೈಚಾಚಿ ಚಾಪೆ ಮುಟ್ಟುವ ಧೈರ್ಯ ಬರಲಿಲ್ಲ.

ಜಗುಲಿಗೆ ಕರೆದುಕೊಂಡು ಹೋಗಿ ಮೇಷ್ಟರು ವಿಷಯ ತಿಳಿಸಿದರು. ಹೋದ ವರ್ಷ ಬೆಳ್ಳಮ್ಮ ಎಂಬುವಳ ಮಗಳು ಪಟ್ಟಲಮ್ಮ ಶಾಲೆ ಬಿಟ್ಟು ಮನೆಗೆ ಹೋಗುವಾಗ ನಾಲೆಯ ಹಲಗೆಯ ಮೇಲಿಂದ ಜಾರಿದ್ದಳು. ನೀರು ತುಂಬಿ ಹರಿಯುತ್ತಿತ್ತು. ದಡದಲ್ಲಿ ಸ್ಲೇಟು ಸಿಕ್ಕಿತು, ಮಗು ಸಿಗಲಿಲ್ಲ. ಅವಳಿಗೂ ಮುಂದಿನ ಹಲ್ಲು ಬಿದ್ದಿತ್ತು, ಎಡಜಡೆ ಯಾವಾಗಲೂ ಬಿಚ್ಚಿಕೊಂಡೇ ಇರುತ್ತಿತ್ತು. ಹಾಳೆ ಬಂದ ದಿನ ಯಾವುದೋ ಮಗು ಅದನ್ನು ಬೆಳ್ಳಮ್ಮನಿಗೆ ತೋರಿಸಿತು. ಅವಳು ಬಂದು ಮಿಕ್ಕಿದ್ದ ಹಾಳೆಗಳನ್ನೆಲ್ಲ ಕೇಳಿ ತೆಗೆದುಕೊಂಡು ಹೋದಳು.

"ಬರ್ದೋರು ಯಾರೋ ಮಗೀನ ಕಂಡವ್ರೆ, ಅದು ಬದ್ಕೇ ಅದೆ ಅಂತ ಊರೂರು ಉಡುಕ್ತಾವ್ಳೆ ಕಣಮ್ಮ," ಎಂದರು ಮೇಷ್ಟರು. "ಮದ್ದೂರ್ ಸಂತೇಲೂ ಆ ಆಳೆ ಇಡ್ಕೊಂಡು ನಿಂತಿದ್ಲಂತೆ. ನೀವೇ ಏನಾರ ಏಳ್ಬೇಕು."

ಯಶೋದಮ್ಮ ಅವತ್ತು ಬೆಳ್ಳಮ್ಮನ ಮನೆಗೆ ಹೋಗಲಾರದೆ ಹಿಂತಿರುಗಿದಳು. ಬಸ್ಸು ಸಿಗಲಿಲ್ಲ, ಆ ಊರಿಗೆ ಹೋಗಲೇ ಇಲ್ಲ ಎಂದು ಬಷೀರುನ್ನೀಸಾಳಿಗೆ ಸುಳ್ಳು ಹೇಳಿದಳು. ಆದರೆ ಕಣ್ಣು ಮುಚ್ಚಿದರೆ ಚಾಪೆಯ ಮೇಲಿನ ಆ ಜಾಗ ಕಾಣುತ್ತಿತ್ತು. ತನ್ನ ತರಗತಿಯಲ್ಲೇ ಮಕ್ಕಳ ಸಾಲಿನಲ್ಲಿ ಎಲ್ಲಾದರೂ ಸಂದು ಬಿದ್ದರೆ ಪಕ್ಕದ ಮಗುವನ್ನು ಅಲ್ಲಿಗೆ ಸರಿಸಿ ಕೂರಿಸುತ್ತಿದ್ದಳು. ಕೊನೆಗೆ ತಡೆಯಲಾರದೆ ಬಷೀರುನ್ನೀಸಾಳ ಮುಂದೆ ಎಲ್ಲವನ್ನೂ ಹೇಳಿಬಿಟ್ಟಳು. ಬಷೀರುನ್ನೀಸಾ ಕೇಳಿ ಮುಗಿಸಿ, ಒಳಗೆ ಹೋಗಿ ಬುರ್ಖಾ ತೆಗೆದುಕೊಂಡು ಬಂದಳು. ನಾಳೆ ಕರೆದುಕೊಂಡು ಹೋಗಿ ಯಶೋದಕ್ಕ, ಎಂದಳು.

ಬೆಳ್ಳಮ್ಮ ಗಟ್ಟಿ ಮೈಕಟ್ಟಿನ, ಇನ್ನೂ ಹರೆಯದ ಹೆಂಗಸು. ಚಿತ್ರ ಬರೆದವಳು ಇವಳೇ ಎಂದು ಮೇಷ್ಟರು ತೋರಿಸಿದಾಗ ಅವಳು ಬಷೀರುನ್ನೀಸಾಳ ಎರಡೂ ಕೈ ಹಿಡಿದುಕೊಂಡು, ಎಲ್ಲಿ ಕಂಡೆ, ಯಾರ ಜೊತೆಯಲ್ಲಿದ್ದಳು, ಮೈಯಲ್ಲಿ ಚೆನ್ನಾಗಿದ್ದಳಾ ಎಂದು ಒಂದೇ ಉಸಿರಿಗೆ ಕೇಳಿದಳು.

ಬಷೀರುನ್ನೀಸಾ ಕೈ ಬಿಡಿಸಿಕೊಳ್ಳಲಿಲ್ಲ. "ನಿಮ್ಮ ಮಗುವನ್ನ ನಾನು ಕಂಡಿಲ್ಲಮ್ಮ. ಅದು ನನ್ನ ಮಗಳು ಆಮಿನಾ. ಜ್ವರ ಬಂದು ಹೋಗಿಬಿಟ್ಟಳು."

ಬೆಳ್ಳಮ್ಮ ಅವಳ ಮುಖವನ್ನೇ ದಿಟ್ಟಿಸಿದಳು. "ನಿನ್ ಮಗ್ಳಾದ್ರೆ ನಮ್ಮೂರ್ ನಾಲೆ ತಾವ ಯಾಕ್ ನಿಂತವ್ಳೆ?"

ಆಸ್ಪತ್ರೆಯಲ್ಲಿ ಆಮಿನಾ ಮನೆಗೆ ಹೋಗೋಣ, ಮನೆಗೆ ಹೋಗೋಣ ಎನ್ನುತ್ತಲೇ ಇದ್ದಳೆಂದೂ, ತನ್ನ ಕೈಲಿ ಆಗಲಿಲ್ಲ, ಮಕ್ಕಳಾದರೂ ಅವಳನ್ನು ಮನೆ ಸೇರಿಸಲಿ ಎಂದು ಬರೆದೆನೆಂದೂ ಬಷೀರುನ್ನೀಸಾ ಹೇಳಿದಳು. ನಾಲೆ ಯಾಕೆ ಬರೆದೆ ಎಂಬುದು ತನಗೂ ಗೊತ್ತಿಲ್ಲ ಎಂದಳು.

ಬೆಳ್ಳಮ್ಮ ಒಳಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಬಂದಾಗ ಕೈಯಲ್ಲಿ ಹಾಳೆಗಳಿದ್ದವು. ಒಂದನ್ನು ಬೆನ್ನುಮೇಲು ಮಾಡಿ ನೆಲದ ಮೇಲೆ ಹಾಸಿ, ನನ್ನ ಮಗಳನ್ನೂ ಬರೆ ಎಂದಳು. ಬಷೀರುನ್ನೀಸಾಳ ಕೈಯಲ್ಲಿ ಮೊದಲು ಮೂಡಿದ್ದು ಆಮಿನಾಳ ಮುಖವೇ. ಮೂಗು ಇಷ್ಟು ಉದ್ದ ಬೇಡ, ಮೊಂಡು. ಕಿವಿ ದೊಡ್ಡದು, ನಮ್ಮಪ್ಪನ ಕಿವಿ. ಹುಬ್ಬಿನ ಮೇಲೆ ಬಾಣಲಿ ತಾಗಿ ಸುಟ್ಟ ಕಲೆ. ಬೆಳ್ಳಮ್ಮ ಹೇಳಿದಂತೆಲ್ಲ ಬಷೀರುನ್ನೀಸಾ ಬರೆದಳು, ಅಳಿಸಿದಳು, ಬರೆದಳು. ಯಶೋದಮ್ಮ ಬಗ್ಗಿ ನೋಡುತ್ತಿದ್ದಳು. ಗೆರೆಗೆರೆಗೂ ಆಮಿನಾ ಆ ಮುಖದಿಂದ ಹಿಂದೆ ಸರಿಯುತ್ತಿದ್ದಳು, ತಾನೆಂದೂ ಕಾಣದ ಇನ್ನೊಂದು ಮಗು ಮುಂದೆ ಬರುತ್ತಿತ್ತು. ಕಡೆಗೆ ಅದು ನೇರವಾಗಿ ಯಶೋದಮ್ಮನನ್ನೇ ನೋಡಿತು.

ಬೆಳ್ಳಮ್ಮ ಆ ಹಾಳೆಯನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು. ಉಳಿದ ಹಾಳೆಗಳನ್ನು ಬಷೀರುನ್ನೀಸಾಳ ಕಡೆ ತಳ್ಳಿದಳು.

"ಇವ್ಳು ನನ್ನೋಳು. ಅವ್ಳು ನಿನ್ನೋಳು. ಕರ್ಕಂಡೋಗವ್ವ, ಇಲ್ಲಿ ಬುಡಬ್ಯಾಡ." ಆಮೇಲೆ ಗೋಡೆಗೆ ಒರಗಿ ಅತ್ತಳು. ಮಗು ನಾಲೆಗೆ ಬಿದ್ದಂದಿನಿಂದ ಅವಳು ಅತ್ತಿದ್ದೇ ಇಲ್ಲ ಎಂದು ನೆರೆಯವರು ಮೇಷ್ಟರಿಗೆ ಹೇಳಿದರು.

ಸುಗ್ಗಿ ಮುಗಿಯುವ ಮೊದಲು ಬೆಳ್ಳಮ್ಮ ನಾಲೆಯ ದಡದಲ್ಲಿ ಎಡೆ ಇಡಿಸಿ ಮಗಳ ಕಾರ್ಯ ಮಾಡಿಸಿದಳು. ಬಷೀರುನ್ನೀಸಾ ಹೋಗಿ ದೂರದಲ್ಲಿ ನಿಂತಿದ್ದು ಬಂದಳು. ಆಮೇಲೆ ಅವಳು ಬಾಬು ಜಾನನ ಅಂಗಡಿಯ ತನಕವೂ, ಪೇಟೆಯ ತನಕವೂ ಓಡಾಡತೊಡಗಿದಳು. ಎರಡನೆಯ ಅಚ್ಚಿನಲ್ಲಿ ಹುಡುಗಿಯ ಬದಲು ಕೊಟ್ಟಿಗೆಗೆ ಹೋಗುವ ಕರು ಬಂತು, ನಾಲೆ ಹೋಯಿತು. ಚಿಕ್ಕರಸಿನಕೆರೆಯ ಮಕ್ಕಳು ಗೆರೆಯನ್ನು ಕೊನೆಯವರೆಗೂ ಎಳೆದವು.

ಆ ಶಾಲಾ ವರ್ಷದ ಕೊನೆಗೆ ಯಶೋದಮ್ಮ ಮತ್ತೆ ಮಳವಳ್ಳಿಗೆ ಹೋದಾಗ, ಕರು ಚೆನ್ನಾಗಿದೆ ಎಂದು ಮಕ್ಕಳು ಒಪ್ಪಿಕೊಂಡವು. ಹಿಂದಿನ ಸಲದ ಹುಡುಗಿ ಎಲ್ಲಿ ಎಂದು ಒಂದು ಮಗು ಕೇಳಿತು. ಮನೆಗೆ ಹೋದಳು ಎಂದು ಯಶೋದಮ್ಮ ಹೇಳಿದಳು. ಮಗು ನಂಬಿತು. ಯಶೋದಮ್ಮ ಮಾತ್ರ ಬಸ್ಸಿನಲ್ಲಿ ಹಿಂದಿರುಗುವಾಗ ನಾಲೆ ದಾಟುವ ತನಕ ಕಿಟಕಿಯ ಆಚೆ ನೋಡಲಿಲ್ಲ.