ರಟ್ಟಿನ ಮರೆಯ ದಾಳ

ಊರಿನ ಅರ್ಧ ಜನರ ಬಾಯಿಗೆ ಹಲ್ಲು ಕಟ್ಟಿಕೊಟ್ಟ ದಂತಣ್ಣನವರ ಬಾಯಲ್ಲಿ ಮೇಲುಸಾಲಿನ ಮುಂದಿನ ಎರಡು ಹಲ್ಲುಗಳೇ ಇರಲಿಲ್ಲ. ವೈದ್ಯರು ಕಳಿಸುವ ದವಡೆಯ ಅಚ್ಚುಗಳನ್ನು ಎದುರಿಗಿಟ್ಟುಕೊಂಡು, ಮೇಣ ಕೊರೆದು, ಗುಲಾಬಿ ಬಣ್ಣದ ಒಸಡು ಕೂಡಿಸಿ, ಮುಖ ಕಂಡರಿಯದ ಮುದುಕಿಯರಿಗೂ ಯೌವನದ ನಗೆಯನ್ನು ಎರಡು ದಿನಗಳಲ್ಲಿ ಮರಳಿಸಬಲ್ಲ ಆ ಕುಶಲಿ ತಮ್ಮ ನಗೆಯ ನಡುವಿನ ಕಿಟಕಿಯನ್ನು ಮಾತ್ರ ಹಾಗೆಯೇ ತೆರೆದಿಟ್ಟುಕೊಂಡಿದ್ದರು. ಕೇಳಿದರೆ, "ಕಟ್ಟೋಣ ಬಿಡಿ, ನನ್ನ ಸರದಿ ಬರ್ಲಿ" ಎನ್ನುತ್ತಿದ್ದರು. ಸರದಿ ಬರಲಿಲ್ಲ. ಸಕಾರಗಳೆಲ್ಲ ಆ ಕಿಟಕಿಯಿಂದ ಸಣ್ಣ ಸಿಳ್ಳಿನ ಸಮೇತ ಹೊರಬರುತ್ತಿದ್ದವು. ಭಾನುವಾರ ಮಧ್ಯಾಹ್ನ ಅವರು "ಸಮುದ್ರದ ಕಡೆಯಿಂದ ಸುಂಟರಗಾಳಿ ಏಳ್ತಾ ಇದೆ ಸ್ವಾಮಿ" ಎಂದರೆ, ಮೇಜಿನ ಸುತ್ತ ನಿಂತ ನಮ್ಮ ನಾಲ್ವರಿಗೂ ಕಿವಿಯ ಹಿಂದೆ ತಣ್ಣಗಾಗುತ್ತಿತ್ತು.

ಅವರು ನಡೆಸುತ್ತಿದ್ದದ್ದು ಆಟ. ಬೆರಳುದ್ದದ ಬೊಂಬೆಗಳನ್ನು ಮೇಜಿನ ಮೇಲೆ ನಡೆಸುತ್ತ, ದಾಳ ಉರುಳಿಸುತ್ತ, ಹಿಂದೊಮ್ಮೆ ರೈಲು ನಿಲ್ದಾಣಗಳಲ್ಲಿ ಒರಟು ಕಾಗದದ ಮೇಲೆ ಅಚ್ಚಾಗಿ ಬರುತ್ತಿದ್ದ ಸಾಹಸಕಥೆಗಳಂಥದೇ ಒಂದು ಕಥೆಯನ್ನು ನಾಲ್ಕು ಮಂದಿ ಸೇರಿ ಬದುಕುವ ಆಟ. ಅದರಲ್ಲಿ ಅಗ್ನಿಪರ್ವತವಿತ್ತು, ಕಳೆದುಹೋದ ನಗರವಿತ್ತು, ಲೋಹದ ಮುಖವಾಡ ತೊಟ್ಟ ದುಷ್ಟ ಪ್ರೊಫೆಸರನಿದ್ದ, ಪ್ರತಿ ಭಾನುವಾರದ ಕೊನೆಗೆ ಯಾರಾದರೊಬ್ಬರು ಒಂದೇ ಕೈಯಲ್ಲಿ ಬಂಡೆ ಹಿಡಿದು ನೇತಾಡುತ್ತಿದ್ದರು. ಇಪ್ಪತ್ತೆಂಟರ ಪ್ರಾಯದ, ಸಂಬಳದ, ಮೀಸೆಯ ಗಂಡಸು ಬೊಂಬೆಯಾಟ ಆಡುತ್ತೇನೆಂದು ಹೇಳಿಕೊಳ್ಳುವ ಧೈರ್ಯ ನನಗಿರಲಿಲ್ಲ. ಕಾರ್ಖಾನೆಯಲ್ಲಿ "ಭಾನುವಾರ ಎಲ್ಲಿಗಪ್ಪ ಮಾಯವಾಗ್ತೀಯ?" ಎಂದರೆ "ಹಲ್ಲಿನವರ ಹತ್ರ" ಎನ್ನುತ್ತಿದ್ದೆ, ಮೂರು ವರ್ಷ ಹೀಗೆ ಹೇಳಿದವನ ಬಾಯಲ್ಲಿ ಇನ್ನೂ ಮೂವತ್ತೆರಡು ಇರುವುದನ್ನು ನೋಡಿ ಒಬ್ಬಿಬ್ಬರಿಗೆ ಅನುಮಾನವೂ ಬಂದಿತ್ತು.

ದಂತಣ್ಣನವರ ಕಾರ್ಯಾಗಾರದ ನಡುವೆ ಎರಡು ಸ್ಟೂಲುಗಳ ಮೇಲೆ ಮಲಗಿಸಿದ ಹಳೆಯ ಬಾಗಿಲೇ ನಮ್ಮ ಭೂಖಂಡ. ಪಾತ್ರೆ ಉಜ್ಜುವ ಹಸಿರು ನಾರಿನ ತುಂಡುಗಳು ಕಾಡು. ತಲೆಕೆಳಗಾಗಿಟ್ಟ ಪ್ಲಾಸ್ಟರಿನ ದವಡೆಗಳು ಪರ್ವತಶ್ರೇಣಿ. ಹಲ್ಲುಸಂದಿ ತಿಕ್ಕುವ ಮೇಣದ ದಾರದಲ್ಲಿ ಹೆಣೆದದ್ದು ತೂಗುಸೇತುವೆ. ಸರೋವರವನ್ನು ಹಳೆಯ ಎಕ್ಸ್‌ರೇ ಹಾಳೆಗಳಿಂದ ಮಾಡಿದ್ದರು. ಬಗ್ಗಿ ನೋಡಿದರೆ ಆ ನೀಲಗಪ್ಪು ಆಳದಲ್ಲಿ ಯಾರದೋ ಹುಳುಕು ದವಡೆಹಲ್ಲು ಮುಳುಗಿದ ಹಡಗಿನಂತೆ ಕಾಣುತ್ತಿತ್ತು. ಬೊಂಬೆಗಳನ್ನೆಲ್ಲ ಅವರೇ ಮೇಣದಲ್ಲಿ ಕಡೆದು, ಹಲ್ಲಿನ ಸೆಟ್ಟಿಗೆ ಬಳಸುವ ದ್ರವ್ಯದಲ್ಲೇ ಎರಕ ಹೊಯ್ದದ್ದು. ಹೀಗಾಗಿ ನಮ್ಮ ವೀರರೆಲ್ಲರ ಮೈಬಣ್ಣವೂ ಒಸಡಿನ ಗುಲಾಬಿಯೇ.

ಆ ಮೇಜಿನ ಸುತ್ತ ದಂತಣ್ಣನವರು ಎಂದೂ ಕೂತವರಲ್ಲ. ಒಂದು ಕಡೆ ಉಜ್ಜುವ ಯಂತ್ರ, ಇನ್ನೊಂದು ಕಡೆ ಬಾಗಿಲಿನ ಅಂಚು, ನಡುವೆ ಮೊಳದಗಲದ ದಾರಿ. ಅದರಲ್ಲಿ ಬೆನ್ನನ್ನು ಗೋಡೆಗೆ ಕೊಟ್ಟು, ಒಂದು ಬೊಂಬೆಯೂ ಅಲುಗದಂತೆ ಏಡಿಯ ಹಾಗೆ ಅಡ್ಡಡ್ಡ ಸರಿಯುತ್ತ ಸರಿಯುತ್ತ, ಆ ನಡಿಗೆ ಅವರ ಮೈಗೇ ಹತ್ತಿಬಿಟ್ಟಿತ್ತು. ಎಂಟು ಜನ ಸಾಲಾಗಿ ನಡೆಯಬಹುದಾದ ಹೆದ್ದಾರಿಯಲ್ಲೂ ಅವರು ಅಡ್ಡಡ್ಡವಾಗಿಯೇ ಬರುತ್ತಿದ್ದರು, ಯಾರ ಮೇಜೂ ಅಲುಗಬಾರದೆಂಬಂತೆ. ಬಿಳಿಯದೆಂದು ಕೊಂಡ ಅವರ ಮೇಲಂಗಿಯ ಜೇಬಿನಲ್ಲಿ ಸದಾ ಇಬ್ಬರು ಮೂವರು ದರೋಡೆಕೋರರು ಇರುತ್ತಿದ್ದರು. ಆ ದರೋಡೆಕೋರರಿಗೂ ಬಹುವಚನವೇ: "ಇವರು ಗುಂಡು ಹಾರಿಸಿದ್ರು, ಅವರು ತೀರಿಕೊಂಡ್ರು." ತೀರಿಕೊಂಡವರನ್ನು ಎರಡು ಬೆರಳಲ್ಲಿ ಎತ್ತಿ, ಹತ್ತಿಯಲ್ಲಿ ಸುತ್ತಿ, ಡಬ್ಬಿಯಲ್ಲಿ ಮಲಗಿಸುವುದು ಅವರೊಬ್ಬರದೇ ಹಕ್ಕು. ಮತ್ತೊಂದು ಹಟವೆಂದರೆ, "ಆಗಲ್ಲ" ಎಂಬ ಮಾತು ಅವರ ಬಾಯಿಂದ ಬರುತ್ತಿರಲಿಲ್ಲ. ಹುಲಿಯ ಮೇಲೆ ಕೂತು ಜಲಪಾತ ಹತ್ತುತ್ತೇನೆಂದರೂ ಒಂದು ಕ್ಷಣ ಕಣ್ಣು ಮುಚ್ಚಿ, "ಅದೂ ಆಗಬಹುದು, ನೋಡೋಣ" ಎಂದು ದಾಳ ಕೈಗೆತ್ತಿಕೊಳ್ಳುತ್ತಿದ್ದರು.

ದಾಳದ ವಿಷಯಕ್ಕೆ ಬಂದೆ, ಬರದೆ ಗತಿಯಿಲ್ಲ. ದುಸ್ಸಾಹಸಗಳ ದಾಳವನ್ನು ನಾವು ಹಾಕುವಂತಿರಲಿಲ್ಲ. ಮೇಜಿನ ತಲೆಯಲ್ಲಿ ನಿಲ್ಲಿಸಿದ ರಟ್ಟಿನ ಮರೆಯೊಂದರ ಹಿಂದೆ ಅವರೇ ಎರಡು ದಾಳ ಉರುಳಿಸಿ, ಮೊತ್ತ ಎಂಟೋ ಅದಕ್ಕಿಂತ ಹೆಚ್ಚೋ ಬಂದರೆ ಗೆಲುವು, ಕಡಿಮೆಯಾದರೆ ಸೋಲು ಎಂದು ಸಾರುತ್ತಿದ್ದರು. "ಕಾಡಲ್ಲಿ ಇರೋನಿಗೆ ಹಣೆಬರಹ ಕಾಣುತ್ತಾ?" ಎಂಬುದು ಅದಕ್ಕೆ ಕೊಟ್ಟ ಸಮರ್ಥನೆ. ಒಪ್ಪಿದ್ದೆವು.

ನಾವು ಎಂದರೆ ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತುವ ಅಕ್ಕ, ಆಸ್ಪತ್ರೆಯ ಬಾಯ್ಲರ್ ನೋಡಿಕೊಳ್ಳುವ, ಅದೇ ಹೆಸರಿನಿಂದ ಕರೆಸಿಕೊಳ್ಳುವ ನನ್ನ ಗೆಳೆಯ, ನಾನು, ಮತ್ತೆ ನನ್ನ ಭಾವ. ಭಾವ ಇಪ್ಪತ್ತೆರಡು ವರ್ಷ ಗಡಿಯಾರದ ಕಾರ್ಖಾನೆಯಲ್ಲಿ ಮೇಲ್ವಿಚಾರಕರಾಗಿದ್ದವರು. ಕಾರ್ಖಾನೆ ಮುಚ್ಚಿದ ಮೇಲೆ ಅವರೂ ನನ್ನಕ್ಕನೂ ನನ್ನ ಎರಡು ಕೋಣೆಯ ಬಾಡಿಗೆ ಮನೆಗೆ ಬಂದಿದ್ದರು. ನಾನು ಚಿಕ್ಕವನಿದ್ದಾಗ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ತಿರುಗಿದ ಆ ಮನುಷ್ಯ, ಈಗ ಪತ್ರಿಕೆಯನ್ನು ನಾನು ಓದಿ ಮಡಿಸುವವರೆಗೆ ಮುಟ್ಟುತ್ತಿರಲಿಲ್ಲ, ಫ್ಯಾನು ಹಾಕಲು "ಹಾಕ್ಲೇನಯ್ಯ?" ಎಂದು ಕೇಳುತ್ತಿದ್ದರು. ಅದೇ ಭಾವ ಭಾನುವಾರ ಆ ಬಾಗಿಲಿನ ಮುಂದೆ ನಿಂತರೆಂದರೆ ಹಡಗಿನ ಒಂಟಿಗಣ್ಣಿನ ಕಪ್ತಾನ. "ಕಪ್ತಾನ ಹಾರ್ತಾನೆ!" ಎಂದು ಅವರು ಗುಡುಗಿದರೆ ಗೋಡೆಯ ಮೇಲಿನ ದವಡೆಗಳು ನಡುಗುತ್ತಿದ್ದವು. ಕಪ್ತಾನ ಹಾರುತ್ತಿದ್ದ, ಹಾರಿ ದಾಟುತ್ತಿದ್ದ. ಆಮೇಲೆ ಊಟದ ಹೊತ್ತಿಗೆ ಅಕ್ಕನೆದುರು ಅದರ ಪುನಃ ಪ್ರದರ್ಶನ. ಅಕ್ಕ ಅನ್ನದ ಸೌಟು ಹಿಡಿದೇ ಕೇಳುತ್ತಿದ್ದಳು.

ಹೇಳಿಕೊಳ್ಳಲು ನಾಚಿಕೆಯಾಗುವ ಮಾತು ಇದು: ನನಗೆ ಹೊಟ್ಟೆಕಿಚ್ಚಾಯಿತು. ಮನೆಯ ಬಾಡಿಗೆ ನನ್ನದು, ಅಕ್ಕಿ ನನ್ನದು, ಆದರೆ ಅಕ್ಕನ ಕಣ್ಣರಳಿಸುವ ಪರಾಕ್ರಮ ಮಾತ್ರ ಭಾವನದು! ನನ್ನ ಬೊಂಬೆ, ಒಬ್ಬ ಭೂಗರ್ಭಶಾಸ್ತ್ರಜ್ಞ, ವಾರಕ್ಕೊಮ್ಮೆ ಹಳ್ಳಕ್ಕೆ ಬೀಳುತ್ತಿದ್ದ. ನನ್ನ ವೃತ್ತಿಯೋ, ಬೇರಿಂಗ್ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಉಕ್ಕಿನ ಗುಂಡುಗಳನ್ನು ಅಳತೆಗೆ ಹಿಡಿದು, ಕೂದಲೆಳೆ ತಪ್ಪಿದ್ದನ್ನೂ ಕೆಂಪು ತಟ್ಟೆಗೆ ಎಸೆಯುವುದು. ಉಂಡ ಮನೆಯ ಜಂತೆ ಎಣಿಸುವುದು ಎಂದು ಹಿರಿಯರು ಯಾವ ಗುಣವನ್ನು ಹಳಿದರೋ, ಅದನ್ನೇ ನಾನು ಸಂಬಳ ಪಡೆದು ಅಭ್ಯಾಸ ಮಾಡಿದವನು. ನಾಲ್ಕು ತಿಂಗಳು ಕಾರ್ಖಾನೆಯ ಪುಸ್ತಕವೊಂದರಲ್ಲಿ, ಮೇಜಿನಂಚಿನ ಕೆಳಗೆ ಹಿಡಿದು, ಪ್ರತಿಯೊಬ್ಬರ ಗೆಲುವು ಸೋಲಿಗೆ ಗೀಟು ಹಾಕಿದೆ. ಎರಡು ದಾಳ ಸೇರಿ ಎಂಟನ್ನು ಮುಟ್ಟುವುದೋ ದಾಟುವುದೋ ಮೂವತ್ತಾರಕ್ಕೆ ಹದಿನೈದು ಸಲ. ಭಾವ ಕೈಹಾಕಿದ ನಲವತ್ತಾರು ದುಸ್ಸಾಹಸಗಳಲ್ಲಿ ನ್ಯಾಯವಾಗಿ ಹತ್ತೊಂಬತ್ತು ಗೆಲ್ಲಬೇಕಿತ್ತು. ಗೆದ್ದದ್ದು ನಲವತ್ತೊಂದು.

ಗೀಟುಗಳು ಪುಸ್ತಕದಲ್ಲೇ ಉಳಿದಿದ್ದರೆ ಈ ಬರಹದ ಅಗತ್ಯವಿರಲಿಲ್ಲ. ಅಗ್ನಿಪರ್ವತದ ಅಧ್ಯಾಯದ ದಿನ ನನ್ನ ಭೂಗರ್ಭಶಾಸ್ತ್ರಜ್ಞ ಲಾವಾರಸಕ್ಕೆ ಬಿದ್ದು ಬೆಂದುಹೋದ. ಅದೇ ಸುತ್ತಿನಲ್ಲಿ ಭಾವ, ಉರಿಯುತ್ತಿರುವ ತೂಗುಸೇತುವೆಯ ಮೇಲೆ, ಅಂಚೆ ಅಕ್ಕನ ಬೊಂಬೆಯಾದ ಪತ್ರಕರ್ತೆಯನ್ನು ಹೆಗಲಿಗೇರಿಸಿಕೊಂಡು ಕಪ್ತಾನ ಓಡುತ್ತಾನೆಂದರು. ದಂತಣ್ಣನವರು ಕಣ್ಣು ಮುಚ್ಚಿ ತೆರೆದು, "ಅದೂ ಆಗಬಹುದು" ಎಂದು ರಟ್ಟಿನ ಹಿಂದೆ ದಾಳ ಉರುಳಿಸಿ, "ಒಂಬತ್ತು!" ಎಂದರು.

"ಒಂದ್ನಿಮಿಷ" ಎಂದೆ ನಾನು. "ದಾಳ ಹಾಗೇ ಇರ್ಲಿ, ಎತ್ತಬೇಡಿ."

"ಯಾಕೆ ಇನ್ಸ್‌ಪೆಕ್ಟ್ರೇ?" ದಂತಣ್ಣನವರು ನನ್ನನ್ನು ಕರೆಯುತ್ತಿದ್ದದ್ದೇ ಹಾಗೆ.

"ಸುಮ್ನೆ, ನೋಡೋಣ ಅಂತ."

ಬಾಯ್ಲರ್ ನಕ್ಕ. "ಈಗಷ್ಟೇ ಲಾವಾದಲ್ಲಿ ಬೆಂದಿದೀಯ. ಸ್ವಲ್ಪ ಆರ್ಕೋಪ್ಪ, ಆಮೇಲೆ ಮಾತಾಡು."

ನಾನು ಆರಲಿಲ್ಲ. ಪುಸ್ತಕ ಹೊರತೆಗೆದೆ. ಭಾವನ ವಾರವಾರದ ಲೆಕ್ಕವನ್ನು, ತಿಂಗಳ ಕೊನೆಯ ಸಭೆಯಲ್ಲಿ ತಿರಸ್ಕೃತ ಮಾಲಿನ ವರದಿ ಓದುವ ಅದೇ ಧ್ವನಿಯಲ್ಲಿ, ಮೊದಲಿಂದ ಕೊನೆಯವರೆಗೆ ಓದಿದೆ. "ನಲವತ್ತಾರಕ್ಕೆ ನಲವತ್ತೊಂದು. ಇದು ಅದೃಷ್ಟ ಅಲ್ಲ ಭಾವ, ನಿಮಗೆ ಬೇಕಂತಲೇ ಗೆಲ್ಲಿಸ್ತಿದಾರೆ" ಎಂದೆ. ನಾನು ನಿರೀಕ್ಷಿಸಿದ್ದು ಗದ್ದಲವನ್ನು. ಒಂದಿಷ್ಟು ಮೆಚ್ಚುಗೆಯನ್ನೂ ನಿರೀಕ್ಷಿಸಿದ್ದೆನೆಂದು ಕಾಣುತ್ತದೆ. ಅಂಚೆ ಅಕ್ಕ ಕನ್ನಡಕ ತೆಗೆದು ಒರೆಸತೊಡಗಿದಳು.

ದಂತಣ್ಣನವರು ಎರಡೂ ಕೈಯಿಂದ ರಟ್ಟನ್ನು ಮಡಿಸಿ ಪಕ್ಕಕ್ಕಿಟ್ಟರು. ಒಂದು ದಾಳ ಮೂರು ತೋರಿಸುತ್ತಿತ್ತು, ಇನ್ನೊಂದು ಒಂದು.

ಭಾವ ಬಗ್ಗಿ ನೋಡಿದರು. ಕಾರ್ಖಾನೆಯಲ್ಲಿ ಗಡಿಯಾರದ ಮುಳ್ಳನ್ನು ಹೀಗೆಯೇ ನೋಡುತ್ತಿದ್ದರೇನೋ. "ನಾಲ್ಕು" ಎಂದರು. ಆಮೇಲೆ ತಲೆಯೆತ್ತದೆ, "ಯಾವತ್ತಿಂದ?"

"ಮೊದಲ ವಾರದಿಂದ" ಎಂದರು ದಂತಣ್ಣನವರು. "ತಪ್ಪು ನಂದು ಸಾರ್. ಇನ್ಮೇಲೆ ಎಲ್ಲರ ಎದುರಿಗೇ ಹಾಕೋಣ."

"ಹಾಕೋದೇನು, ಹಾಕಾಗಿದೆಯಲ್ಲ" ಎಂದು ಭಾವ ಕಪ್ತಾನನನ್ನು ತಾವೇ ಸೇತುವೆಯಿಂದ ಎತ್ತಿ, ಹತ್ತಿಗಾಗಿಯೂ ಕಾಯದೆ, ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿದರು. ಹೊಸ್ತಿಲ ಬಳಿ ಚಪ್ಪಲಿ ಮೆಟ್ಟುತ್ತ, "ಸ್ವಲ್ಪ ಕೆಲಸ ಇದೆ, ಬರ್ತೀನಿ" ಎಂದರು. ಒಂದೂವರೆ ವರ್ಷದಿಂದ ಕೆಲಸವಿಲ್ಲದ ಮನುಷ್ಯ, ಭಾನುವಾರ ಮಧ್ಯಾಹ್ನ ಮೂರೂವರೆಗೆ.

ಅವರ ಹೆಜ್ಜೆ ಮೆಟ್ಟಿಲಿಳಿದು ಹೋದ ಮೇಲೆ ಅಂಚೆ ಅಕ್ಕ ಕನ್ನಡಕ ಏರಿಸಿಕೊಂಡಳು. "ನಮಗೆಲ್ಲ ಗೊತ್ತಿತ್ತು ಕಣೋ. ಅವರೊಬ್ಬರಿಗೆ ಗೊತ್ತಿರ್ಲಿಲ್ಲ. ಅಷ್ಟೂ ತಿಳೀಲಿಲ್ವ ನಿಂಗೆ?"

"ಎಲ್ಲ ತಿಳಿದೋರಿಗೆ ಅದೊಂದು ತಿಳಿಯಲ್ಲ" ಎಂದ ಬಾಯ್ಲರ್.

ಆಮೇಲೂ ಎರಡು ವಾರ ಆಡಿದೆವು, ದಾಳವನ್ನು ಬಟಾಬಯಲಲ್ಲಿ ಉರುಳಿಸಿ. ಸತ್ತವರು ನಿಯಮದಂತೆ ಸತ್ತರು, ಬದುಕಿದವರು ನಿಯಮದಂತೆ ಬದುಕಿದರು. ಯಾರೂ ಹುಲಿಯ ಮೇಲೆ ಕೂರಲಿಲ್ಲ. ಮೂರನೆಯ ವಾರ ಬಾಯ್ಲರಿಗೆ ಡ್ಯೂಟಿ ಬಂತು, ಅಂಚೆ ಅಕ್ಕನಿಗೆ ನೆಂಟರು ಬಂದರು. ಮನೆಯಲ್ಲಿ ಭಾವ ಭಾನುವಾರವೂ ನನ್ನ ಪತ್ರಿಕೆಗೆ ಕಾಯುತ್ತ ಕೂತರು. ನನ್ನನ್ನು ಬೈಯಲಿಲ್ಲ; ಬೈದಿದ್ದರೆ ನನಗೆಷ್ಟು ಉಪಕಾರವಾಗುತ್ತಿತ್ತು! "ಏನಾಯ್ತೋ ಅಲ್ಲಿ? ಭಾನುವಾರ ಬಂದ್ರೆ ಇವರಿಗೆ ತಲೆನೋವು ಅಂತಾರೆ" ಎಂದು ಅಕ್ಕ ಕೇಳಿದಳು. "ಬಿಸಿಲಿಗಿರಬೇಕು" ಎಂದೆ. ಸತ್ಯಸಂಧನಾದ ನಾನು ಅಂದು ಆಡಿದ ಆ ಸುಳ್ಳಿನಿಂದ ಉಳಿದದ್ದು ನಾನೊಬ್ಬನೇ.

ಆ ಪುಸ್ತಕವನ್ನು ಹರಿದು ಬಿಸಾಡಬೇಕೆಂದು ತೆಗೆದ ದಿನ, ಹರಿಯುವ ಮೊದಲು ಮೊದಲ ಹಾಳೆಗಳ ಮೇಲೆ ಕಣ್ಣು ಹೋಯಿತು. ನನ್ನದೇ ಹೆಸರಿನ ಸಾಲು. ಹದಿನಾಲ್ಕಕ್ಕೆ ಹದಿಮೂರು ಗೆಲುವು, ಸತತ ಮೂರು ಭಾನುವಾರ. ತಾರೀಕು ನೋಡಿದೆ: ಬಡ್ತಿಯ ಪರೀಕ್ಷೆಯಲ್ಲಿ ಎರಡನೆಯ ಸಲ ನಪಾಸಾಗಿ, ಯಾರಿಗೂ ಹೇಳದೆ, ಮುಖ ಮಾತ್ರ ಬಾಡಿಸಿಕೊಂಡು ತಿರುಗುತ್ತಿದ್ದ ತಿಂಗಳು ಅದು. ಪಕ್ಕದ ಖಾಲಿ ಜಾಗದಲ್ಲಿ ನನ್ನ ದುಂಡನೆಯ ಅಕ್ಷರದಲ್ಲಿ ಟಿಪ್ಪಣಿಯೂ ಇತ್ತು: "ಕಾರಣ: ಜಾಣತನದ ಆಟ."

ಮರುದಿನ ಪಾಳಿ ಮುಗಿಸಿದವನು ನೇರ ಕಾರ್ಯಾಗಾರಕ್ಕೆ ಹೋದೆ. ದಂತಣ್ಣನವರು ಯಾರದೋ ಕೆಳದವಡೆಯ ಸೆಟ್ಟನ್ನು ಬೆಳಕಿಗೆ ಹಿಡಿದು ಅಂಚು ಸವರುತ್ತಿದ್ದರು. ಬಾಗಿಲನ್ನು ಸ್ಟೂಲುಗಳಿಂದಿಳಿಸಿ ಗೋಡೆಗೆ ಒರಗಿಸಿದ್ದರು. ನಾನು ಕ್ಷಮೆ ಕೇಳಿದೆ. ಕೇಳುವುದನ್ನೂ ತೊದಲಿಯೇ ಕೇಳಿದೆ.

"ಲೆಕ್ಕ ಸರಿಯಾಗೇ ಇತ್ತಲ್ಲ ಇನ್ಸ್‌ಪೆಕ್ಟ್ರೇ" ಎಂದರು, ವ್ಯಂಗ್ಯದ ಸೋಂಕೂ ಇಲ್ಲದೆ. "ಸರಿ ಲೆಕ್ಕಕ್ಕೆ ಕ್ಷಮೆ ಯಾಕೆ? ಭಾವ ಹೇಗಿದಾರೆ?"

"ಮನೇಲೇ ಇದಾರೆ. ನೀವೊಂದು ಸಲ ಕರೆದ್ರೆ..."

ಅವರು ಸೆಟ್ಟನ್ನು ಕೆಳಗಿಟ್ಟರು. ಆಮೇಲೆ, ಮೂರು ವರ್ಷದಲ್ಲಿ ಮೊದಲ ಬಾರಿಗೆ, ನಾನು ಅವರ ಬಾಯಿಂದ ಆ ಮಾತು ಕೇಳಿದೆ: "ಆಗಲ್ಲ ಸ್ವಾಮಿ. ಈಗ ನಾನು ಕರೆದ್ರೆ ಅದೂ ದಯೆ ಅಂತಲೇ ಕಾಣುತ್ತೆ ಅವರಿಗೆ. ಮೊದಲಾದ್ರೆ ಆಟ ಅಂತ ಕಾಣ್ತಿತ್ತು."

ಇಂಥವರು ಪ್ರತಿ ಊರಿನಲ್ಲೂ ಒಬ್ಬಿಬ್ಬರು ಇರುತ್ತಾರೆ. ಇತರರು ಎರಡು ಗಂಟೆಯ ಕಾಲ ಧೀರರಾಗಿರಲೆಂದು ಸುಳ್ಳಿನ ಪಾಪವನ್ನು ತಾವೊಬ್ಬರೇ ಹೊತ್ತು, ಆ ಸುಳ್ಳಿನಲ್ಲಿ ತಮಗಾಗಿ ಒಂದು ಚೂರನ್ನೂ ಇಟ್ಟುಕೊಳ್ಳದೆ, ಸೋತವನ ಮುಖ ನೋಡಿ ಸೋಲನ್ನು ನುಂಗಿಕೊಳ್ಳುವ ಜನ. ಅವರ ದಯೆ ನಮಗೆ ಸಂದಾಗ ಅದನ್ನು ನಮ್ಮ ಯೋಗ್ಯತೆ ಎಂದುಕೊಳ್ಳುತ್ತೇವೆ, ಪಕ್ಕದವನಿಗೆ ಸಂದಾಗ ಮೋಸ ಎನ್ನುತ್ತೇವೆ. ಅವರನ್ನು ಹಿಡಿದುಕೊಡುವುದಕ್ಕೆ ದೊಡ್ಡ ಬುದ್ಧಿಯೇನೂ ಬೇಡ, ನನ್ನಷ್ಟಿದ್ದರೆ ಸಾಕು. ಅವರು ಓಡುವವರಲ್ಲ.