ಕುಣಿಗೆ ಇಳಿಯುವವರು

"ಇನ್ನೂ ಬಿಗಿ ಹಿಡಿಯೋ," ಎಂದು ಭೀಮವ್ವ ಮಗನಿಗೆ ಹೇಳಿ, ಕುರ್ಚಿಯಲ್ಲಿ ಕೂರಿಸಿದ ಮಗಳ ಬೆನ್ನ ಹಿಂದಿನ ಬಟ್ಟೆಯನ್ನು ಕಿಟಕಿಯ ಸರಳಿಗೆ ಸುತ್ತಿದಳು. ಶೈಲಶ್ರೀಯ ತಲೆ ಮತ್ತೆ ಎಡಕ್ಕೆ ವಾಲಿತು. ಅಮರ ಅಕ್ಕನ ಭುಜ ಹಿಡಿದು ನೆಟ್ಟಗೆ ಮಾಡಿದ. ಲಿಂಗದೀಕ್ಷೆ ಆದವರನ್ನು ಮಲಗಿಸಿ ಕಳಿಸುವುದಿಲ್ಲ. ಕೂರಿಸಬೇಕು, ಕೂರಿಸಿಯೇ ಮಣ್ಣು ಮಾಡಬೇಕು. ಆದರೆ ನಿನ್ನೆ ಬೆಳಗ್ಗೆ ಡಬ್ಬಿ ಕಟ್ಟಿಕೊಂಡು ಆಫೀಸಿಗೆ ಹೊರಟ ಮಗಳನ್ನು ಇವತ್ತು ಹೀಗೆ ಕಟ್ಟಿ ಕೂರಿಸುವುದಿದೆಯಲ್ಲ, ಅದು ಯಾವ ತಾಯಿಯ ಪಾಲಿಗೂ ಬರಬಾರದು. ಯೆರವಡಾದ ಬಸ್ ಸ್ಟಾಪಿನಲ್ಲಿ ಕುಸಿದವಳು ದವಾಖಾನೆ ಮುಟ್ಟುವಷ್ಟರಲ್ಲಿ ಮುಗಿದಿದ್ದಳು. ತಲೆಯೊಳಗೆ ನರ ಒಡೆದಿತ್ತು ಎಂದರು ಡಾಕ್ಟರು.

ಅಮರನ ಜೇಬಿನಲ್ಲಿ ಮೊಬೈಲು ಬಡಿದುಕೊಂಡಿತು. "ಹೌದ್ರಿ ಸರ್... ಆತ್ರಿ ಸರ್... ಊಟದ ಹೊತ್ತಿನ ಮ್ಯಾಲ ಎತ್ತತೀವ್ರಿ," ಎಂದ. ಫೋನ್ ಇಟ್ಟವನು ತಾಯಿಯ ಮುಖ ನೋಡಲಿಲ್ಲ.

"ಯಾರು?"

"ಸಮಾಜದ ಅಧ್ಯಕ್ಷರು. ಬರಾಕತ್ತಾರ."

"ಬರ್ಲಿ. ಸತ್ತ ಮನಿಗೆ ಯಾರೂ ಬರಬಹುದು. ಕುಣಿಗೆ ಯಾರು ಇಳಿತಾರ?"

ಅಮರ ಊದಿನಕಡ್ಡಿ ಹಚ್ಚುವ ನೆಪ ಮಾಡಿದ.

"ನಿನಗ ಕೇಳಾಕತ್ತೀನಿ ಅಮರಾ."

"ಎಲ್ಲಾರ ಮಣ್ಣಿನ್ಯಾಗೂ ಅವರ ಇಳಿತಾರಲ್ಲವ್ವಾ. ಬ್ಯಾರೆ ಯಾರಿಗೆ ಗೊತ್ತದ ಅದು?"

"ನೀ ಇಳಿ."

"ನಾ ಇಳಿದ್ರ ಅವರಿಗೆ ಮಂದ್ಯಾಗ ಅಪಮಾನ ಮಾಡಿದಂಗ ಆಗ್ತದ. ನಾಳೆ ಮತ್ತ ನಾ ಅವರ ಗೋಡಾವನಿಗೇ ಹೋಗಬೇಕು. ಮನ್ಯಾಗ ಸಣ್ಣ ಕೂಸದ ನಂದು."

"ಅವನ ಕೈ ನನ್ನ ಮಗಳಿಗೆ ತಾಗಬಾರದು," ಎಂದಳು ಭೀಮವ್ವ. ಕೂಗಲಿಲ್ಲ. ಕೂಗಿದ್ದರೆ ಅಮರನಿಗೆ ಸುಲಭವಾಗುತ್ತಿತ್ತು.

ಕುಣಿಗೆ ಇಳಿಯುವುದು ಸಣ್ಣ ಕೆಲಸವಲ್ಲ. ಆಳೆತ್ತರದ ಕುಣಿಯೊಳಗೆ ನಿಂತು, ಮೇಲಿನಿಂದ ಇಳಿಸಿದ ದೇಹವನ್ನು ಸೊಂಟಕ್ಕೆ ಕೈ ಸುತ್ತಿ ಹಿಡಿದು, ಎದೆಗೆ ಒರಗಿಸಿಕೊಂಡು, ಗೋಡೆಯಲ್ಲಿ ಕೊರೆದ ಗೂಡಿನೊಳಗೆ ಕೂರಿಸಬೇಕು. ಊರಲ್ಲಾದರೆ ನಾಲ್ಕು ಮಂದಿ ಬಲ್ಲವರು ಸಿಗುತ್ತಾರೆ. ಪುಣೆಯಲ್ಲಿ ನಮ್ಮವರು ಅಂಗಡಿ, ಆಫೀಸು ಅಂತ ಚದುರಿಹೋದವರು. ಅರ್ಧ ಜನಕ್ಕೆ ವಿಭೂತಿ ಯಾವ ಬೆರಳಲ್ಲಿ ಹಚ್ಚಬೇಕೆಂಬುದೂ ಮರೆತಿದೆ. ಹಾಗಾಗಿ ಸಮಾಜದಲ್ಲಿ ಯಾರು ತೀರಿಕೊಂಡರೂ ಅಧ್ಯಕ್ಷ ಶಿವರುದ್ರಪ್ಪನೇ ಅಂಗಿ ಬಿಚ್ಚಿ, ಧೋತರ ಎತ್ತಿ ಕಟ್ಟಿ ಕುಣಿಗೆ ಇಳಿಯುತ್ತಿದ್ದ. ಲಾರಿಗಳ ಮಾಲೀಕ, ದೊಡ್ಡ ಮನುಷ್ಯ, ಆದರೂ ಹೆಣ ಮುಟ್ಟಲು ಹೇಸುವುದಿಲ್ಲ ಎಂದು ಜನ ಕೈಮುಗಿಯುತ್ತಿದ್ದರು. ಅದೇ ಕೈ ಬದುಕಿದ್ದ ಶೈಲಶ್ರೀಯ ಸೊಂಟಕ್ಕೆ ಬಿದ್ದ ದಿನ ಇವರಲ್ಲಿ ಒಬ್ಬರಾದರೂ ಬಾಯಿ ಬಿಟ್ಟಿದ್ದರೆ!

* * *

ಅದು ತೊಂಬತ್ತೇಳರ ಮಾತು. ವಿಮಾನ ನಗರದ ಒಂದು ರಫ್ತು ಕಂಪನಿಯಲ್ಲಿ ಟೈಪಿಸ್ಟಾಗಿ ಸೇರಿದ್ದ ಶೈಲಶ್ರೀ, ಹಡಗಿಗೆ ಹೋಗುವ ಮಾಲಿನ ಕಾಗದಪತ್ರವನ್ನೆಲ್ಲ ಒಬ್ಬಳೇ ನಿಭಾಯಿಸುವಷ್ಟು ಬೆಳೆದಿದ್ದಳು. ಆಗ ಶಿವರುದ್ರಪ್ಪ ಅವಳ ಮ್ಯಾನೇಜರ್. ಬಿಜಾಪುರದವ, ಮದುವೆಯಾಗದವ, ನಗಿಸಿ ಮಾತಾಡುವವ. ಇಬ್ಬರೂ ಒಬ್ಬರನ್ನೊಬ್ಬರು ಇಷ್ಟಪಟ್ಟರು. ಕದ್ದು ಮುಚ್ಚಿ ಅಲ್ಲ. ಊಟದ ಹೊತ್ತಿಗೆ ಅವಳ ಡಬ್ಬಿಯ ರೊಟ್ಟಿ ಅವನಿಗೆ, ಅವನ ಮೆಸ್ಸಿನ ಚಪಾತಿ ಅವಳಿಗೆ. ಭಾನುವಾರ ಅವನ ಸ್ಕೂಟರಿನ ಹಿಂದೆ ಕೂತು ನದೀ ದಂಡೆಯ ತೋಟಕ್ಕೆ ಹೋಗುತ್ತಿದ್ದಳು. "ಲಗ್ನ ಕಧೀ?", ಮದುವೆ ಯಾವಾಗ ಎಂದು ಆಫೀಸಿನ ಮರಾಠಿ ಹೆಂಗಸರು ಚುಡಾಯಿಸಿದರೆ ಕೆಂಪಾಗುತ್ತಿದ್ದಳು.

ಆಗ ಮುಂಬೈ ಕಚೇರಿಗೆ ಸಹಾಯಕ ಮ್ಯಾನೇಜರ್ ಬೇಕೆಂಬ ಸುದ್ದಿ ಬಂತು. ಶೈಲಶ್ರೀ ಅರ್ಜಿ ಬರೆದು ಅವನ ಟೇಬಲ್ಲಿನ ಮೇಲಿಟ್ಟಳು. ಅದನ್ನು ಮುಂದಕ್ಕೆ ಕಳಿಸಬೇಕಾದವನು ಅವನೇ.

"ಮದುವಿ ಆದಮ್ಯಾಲ ನಿನಗ್ಯಾಕ ಮುಂಬೈ? ಆರಾಮ ಮನ್ಯಾಗ ಇರು," ಎಂದ ಅವನು, ಪ್ರೀತಿಯಿಂದಲೇ.

"ಅಲ್ರಿ, ಅಷ್ಟ ಕೆಲಸ ಕಲ್ತದ್ದು ಮನ್ಯಾಗ ಕೂಡಾಕ?"

ಅರ್ಜಿ ಟೇಬಲ್ಲಿನ ಮೇಲೇ ಇತ್ತು. ಅವಳು ದಿನಾ ಹೋಗಿ ನೋಡುತ್ತಿದ್ದಳು, ದಿನಾ ಅದರ ಮೇಲೆ ಅವನ ಚಹಾದ ಕಪ್ಪು ಇರುತ್ತಿತ್ತು. ಕೊನೆಗೆ ಒಂದು ದಿನ ಹೇಳಿಯೇಬಿಟ್ಟಳು: "ನಾ ಇನ್ನ ನಿಮ್ಮ ಜೋಡಿ ಬರೂದಿಲ್ರಿ. ಮದುವಿ ಬ್ಯಾಡ." ಅವಳಿಗೂ ಅಳು ಬಂದಿತ್ತು. ಬಿಟ್ಟುಬಿಡುವುದು ಅಷ್ಟು ಹಗುರ ಏನು?

ಅವನು ಬಿಡಲಿಲ್ಲ. ಕುರ್ಚಿಯ ಹಿಂದೆ ಬಂದು ನಿಲ್ಲುವುದು, ಕೆಲಸ ಮುಗಿದ ಮೇಲೂ ಕೂರಿಸಿಕೊಳ್ಳುವುದು ಶುರುವಾಯಿತು. ಒಂದು ಮಧ್ಯಾಹ್ನ ಹಳೇ ಫೈಲಿನ ಕೋಣೆಗೆ ಅವಳ ಹಿಂದೆಯೇ ಬಂದು ಬಾಗಿಲು ಹಾಕಿದ. ಹಿಂದಿನಿಂದ ಸೊಂಟ ಹಿಡಿದ. "ನಿನ್ನೆ ತನಕ ಬೇಕಾಗಿತ್ತು. ಇವತ್ತ ಮೈಲಿಗಿ ಆದ್ನೇನು ನಾನು?" ಎಂದ. ಅವಳು ಮೊಣಕೈಯಿಂದ ತಿವಿದು ತಪ್ಪಿಸಿಕೊಂಡಳು. ಅವತ್ತೇ ದೂರು ಕೊಟ್ಟಳು.

ವಿಚಾರಣೆಗೆ ಕೂತ ಮೂವರೂ ಫೈಲಿನ ಕೋಣೆಯ ಬಗ್ಗೆ ಒಂದು ಮಾತು ಕೇಳಲಿಲ್ಲ. ಸ್ಕೂಟರಿನ ಮೇಲೆ ಹೋಗಿದ್ದೆಯಾ? ಹೋಗಿದ್ದೆ. ಒಂದೇ ಡಬ್ಬಿಯಲ್ಲಿ ಊಟ ಮಾಡಿದ್ದೆಯಾ? ಮಾಡಿದ್ದೆ. ಮತ್ತೆ ಇದೇನು ಹೊಸದು?

"ಅವತ್ತು ನಾನಾಗಿ ಹೋಗಿದ್ದೆ. ಇವತ್ತು ಬೇಡ ಎಂದಿದ್ದೇನೆ," ಎಂದು ಅವಳು ಮರಾಠಿಯಲ್ಲಿ ಹೇಳಿದಳು. "ಎರಡನ್ನೂ ಹೇಳಿದ್ದು ನನ್ನ ಬಾಯೇ."

ಇದು ಇಬ್ಬರ ಖಾಸಗಿ ಜಗಳ ಎಂದು ಮೂವರೂ ತೀರ್ಮಾನಿಸಿದರು. ಮುಂಬೈಗೆ ಬೇರೆ ಯಾರೋ ಹೋದರು.

* * *

ಶಿವರುದ್ರಪ್ಪ ಬಂದಾಗ ಅಂಗಳದಲ್ಲಿ ಕೂತಿದ್ದವರೆಲ್ಲ ಎದ್ದು ನಿಂತರು. ಬಿಳಿ ಧೋತರ, ಹೆಗಲ ಮೇಲೆ ವಲ್ಲಿ, ಕೈಯಲ್ಲಿ ಬಿಲ್ವಪತ್ರೆಯ ಪೊಟ್ಟಣ. ಒಳಗೆ ಬಂದು ಶೈಲಶ್ರೀಯ ಮುಂದೆ ಒಂದು ಗಳಿಗೆ ಕಣ್ಣು ಮುಚ್ಚಿ ನಿಂತ. ಆಮೇಲೆ ವಿಭೂತಿ ಬೆರಳಿಗೆ ಒರೆಸಿಕೊಂಡು ಅವಳ ಹಣೆಯ ಕಡೆ ಬಗ್ಗಿದ.

ಭೀಮವ್ವನ ಕೈ ಅಡ್ಡ ಬಂತು. "ಕೊಡ್ರಿ ಇಲ್ಲೆ. ನಾ ಹಚ್ಚತೀನಿ."

ಅವನು ಕೊಟ್ಟ. ಮುಖದ ಮೇಲೆ ನಗು ಹಾಗೇ ಇತ್ತು. "ಹಳೇದೆಲ್ಲಾ ಮನಸಿನ್ಯಾಗ ಇಟ್ಕೋಬ್ಯಾಡ್ರಿ ಭೀಮವ್ವಾರ," ಎಂದ, ಎಲ್ಲರಿಗೂ ಕೇಳುವ ಹಾಗೆ. "ಸಣ್ಣಾಕಿ ಇದ್ಲು, ತಿಳೀದ ಏನೋ ಮಾಡಿದ್ಲು. ನಾ ಅಕಿ ಮ್ಯಾಲ ಸಿಟ್ಟು ಇಟ್ಟಿಲ್ಲ. ಇಟ್ಟಿದ್ರ ಅಕಿ ತಮ್ಮಗ ನೌಕರಿ ಕೊಡ್ತಿದ್ನೇನ್ರಿ? ಬರೂ ತಿಂಗಳ ಗೋಡಾವನ್ ಪೂರಾ ಅವನ ಕೈಗೇ ಕೊಡಾಂವ ಇದೀನಿ."

"ದೇವರಂಥಾ ಮನುಷ್ಯಾ," ಎಂದಿತು ಹಿಂದಿನಿಂದ ಒಂದು ದನಿ.

ನೋಡಿ, ಹೇಗಿದೆ! ಕೈ ಹಾಕಿದವನು ಇವನು, ಕ್ಷಮಿಸುವವನೂ ಇವನೇ. ಭೀಮವ್ವ ವಿಭೂತಿಯನ್ನು ಮಗಳ ಹಣೆಗೆ ತಾನೇ ಬಳಿದಳು. ಬಾಗಿಲ ಸಂದಿಯಲ್ಲಿ ನಿಂತಿದ್ದ ಅಮರ ಕಣ್ಣಿನಲ್ಲೇ ತಾಯಿಯನ್ನು ಬೇಡಿಕೊಳ್ಳುತ್ತಿದ್ದ.

ಅವಳು ಅಡುಗೆಮನೆಗೆ ಹೋಗಿ ನೀರಿನ ಕೊಡದ ಮೇಲೆ ಕೈಯಿಟ್ಟು ನಿಂತಳು. ಅಲ್ಲೊಬ್ಬ ಹುಡುಗಿ ಬಂದವರಿಗೆಲ್ಲ ಚಹಾ ಸೋಸುತ್ತಿದ್ದಳು. ತುಸು ಹೊತ್ತಿನ ಹಿಂದೆ ಬಂದವಳು ತಾನಾಗಿಯೇ ಒಲೆಯ ಮುಂದೆ ಕೂತಿದ್ದಳು.

"ನೀ ಯಾರ ಪೈಕಿ ತಂಗೀ?"

"ನಾ ಮಾಯಾ ಅಂತ, ಆಯಿ. ಶೈಲಾ ಮೇಡಂ ಆಫೀಸಿನ್ಯಾಕಿ. ಕಲಬುರ್ಗಿ ಕಡ್ಯಾಕಿ ನಾ." ಹುಡುಗಿ ಒಲೆಯ ಉರಿ ತಗ್ಗಿಸಿದಳು. ಹೇಳಲೋ ಬೇಡವೋ ಎಂಬಂತೆ ಬಾಗಿಲ ಕಡೆ ನೋಡಿದಳು. "ಹೊರಗ ಅವರ ಮಾತು ಕೇಳಿದೆ. ಆಯಿ, ನಮ್ಮ ಆಫೀಸಿನ ದೂರಿನ ಕಮಿಟಿಗೆ ಹೋದ ವರ್ಷ ಮೇಡಂನ್ನ ಹಾಕಿದ್ರು. ನಿಮಗ ಹೇಳಿದ್ರೋ ಇಲ್ಲೋ?"

"ಇಲ್ಲ."

"ಅಲ್ಲೇ ಕೆಲಸ ಮಾಡೂ ಒಬ್ಬಾಂವನ ಮ್ಯಾಲ ನಾ ಕೊಟ್ಟ ದೂರೇ ಅವರ ಮುಂದ ಮೊದಲ ಬಂದದ್ದು. ನಾ ಹಿಂದ ಆ ಮನುಷ್ಯಾನ ಜೋಡಿ ತಿರಗ್ಯಾಡಿದಾಕಿನೇ. ಅದು ಎಲ್ಲಾರಿಗೂ ಗೊತ್ತಿತ್ತು. ಉಳಿದವರು ಅದನ್ನ ಕೆದಕಾಕ ಹೊಂಟ್ರು. ಮೇಡಂ ಅವರಿಗೆ ತಡದ್ರು. ನನಗ ನೀರು ಕೊಟ್ಟು, ಒಂದ ಮಾತು ಕೇಳಿದ್ರು. 'ಬ್ಯಾಡ ಅಂದಿದ್ದೀ?' ಅಂತ. ಹೌದ್ರಿ ಅಂದೆ. 'ಅಷ್ಟ ಸಾಕು' ಅಂದ್ರು." ಮಾಯಾ ಸೆರಗಿನಿಂದ ಮೂಗು ಒರೆಸಿಕೊಂಡಳು. "ಅವ ಈಗ ಕೆಲಸದಾಗಿಲ್ಲ ಆಯಿ. ನಾ ಇದೀನಿ."

ಭೀಮವ್ವ ಒಲೆಯ ಮುಂದೆ ಹುಡುಗಿಯ ಪಕ್ಕ ಕೂತಳು.

* * *

ಶೈಲಶ್ರೀ ದೂರು ಕೊಟ್ಟ ವಾರದಲ್ಲಿ ಸಮಾಜದ ಹಿರಿಯರು ಮನೆಗೆ ಬಂದಿದ್ದರು. ಹುಡುಗ ಈಗಲೂ ಮದುವೆಗೆ ತಯಾರಿದ್ದಾನೆ, ದೂರು ವಾಪಸ್ ತಗೊಂಡರೆ ಆಯಿತು ಎಂದರು. ಗಂಡನಿಲ್ಲದ ಮನೆ, ಓದುವ ಮಗ. ಭೀಮವ್ವ ಹೆದರಿದ್ದಳು. ಅವರನ್ನು ಕಳಿಸಿ ಬಂದವಳು ಮಗಳ ಪಕ್ಕ ಕೂತು ಮೆಲ್ಲಗೆ ಹೇಳಿದ್ದಳು:

"ಕೈ ಹಿಡಿಯಾಂವ ಕೈ ಹಿಡದ್ರ ಏನಾತವ್ವಾ? ಹ್ಞೂಂ ಅಂದ್ಬಿಡು."

"ನೀನೂ ಅವರ ಕಡೀನೇ ಏನವ್ವಾ?" ಎಂದ ಶೈಲಶ್ರೀ ಎದ್ದು ಹೋಗಿ ರೊಟ್ಟಿ ಹಿಟ್ಟು ನಾದಲು ಕೂತಿದ್ದಳು. ಆಮೇಲೆ ಅದರ ಮಾತು ಆ ಮನೆಯಲ್ಲಿ ಬರಲೇ ಇಲ್ಲ. ಅದೇ ಆಫೀಸು, ಅದೇ ಕುರ್ಚಿ. ಶಿವರುದ್ರಪ್ಪ ಅಲ್ಲಿಂದ ಬಿಟ್ಟು ಸ್ವಂತ ಲಾರಿಗಳ ಧಂದೆ ಮಾಡಿದ, ಮದುವೆಯಾದ, ಅಧ್ಯಕ್ಷನಾದ. ಅವನಲ್ಲಿ ಅಮರ ಕೆಲಸಕ್ಕೆ ಸೇರಿದ ದಿನ ಶೈಲಶ್ರೀ ಊಟಕ್ಕೆ ಏಳಲಿಲ್ಲ. ಮರುದಿನ ಬೆಳಗ್ಗೆ ತಮ್ಮನ ಡಬ್ಬಿಯನ್ನೂ ತಾನೇ ಕಟ್ಟಿದಳು.

* * *

ಟೆಂಪೋದಿಂದ ಶೈಲಶ್ರೀಯನ್ನು ಕುರ್ಚಿ ಸಮೇತ ಇಳಿಸಿ ಕುಣಿಯ ಅಂಚಿಗೆ ತಂದಿಟ್ಟಾಗ ಬಿಸಿಲು ಚುರುಗುಟ್ಟುತ್ತಿತ್ತು. ರುದ್ರಭೂಮಿಯ ಆಚೆ ರಸ್ತೆಯಲ್ಲಿ ಬಸ್ಸುಗಳ ಗದ್ದಲ. ಅಯ್ಯನವರು ಮಂತ್ರ ಶುರುಮಾಡಿದ್ದರು. ಶಿವರುದ್ರಪ್ಪ ಯಾರನ್ನೂ ಕೇಳಲಿಲ್ಲ. ಅಂಗಿ ಬಿಚ್ಚಿ ಯಾರದೋ ಕೈಗೆ ಕೊಟ್ಟ, ಧೋತರ ಎತ್ತಿ ಕಟ್ಟಿದ, ಅಭ್ಯಾಸವಿದ್ದವನ ಹಾಗೆ ಒಂದೇ ಸಲಕ್ಕೆ ಕುಣಿಗೆ ಇಳಿದ. ಒಳಗಿನಿಂದ ಎರಡೂ ಕೈ ಮೇಲೆತ್ತಿದ.

"ಹ್ಞಾಂ, ಇಳಸ್ರಿ. ಹಗೂರಕ."

ಇಬ್ಬರು ದೇಹದ ಕೆಳಗೆ ಧೋತರ ತೂರಿಸಿ ಜೋಲಿ ಮಾಡಿಕೊಂಡರು. ಅಷ್ಟರಲ್ಲಿ ಭೀಮವ್ವ ಬಂದು ಕುಣಿಯ ಅಂಚಿನಲ್ಲಿ, ಮಗಳ ಮುಂದೆ, ನೆಲಕ್ಕೆ ಕೂತುಬಿಟ್ಟಳು.

"ನೀವು ಮ್ಯಾಲ ಬರ್ರಿ," ಎಂದಳು ಕೆಳಗೆ ನೋಡಿ.

"ಏನಂದ್ರಿ?"

"ಮ್ಯಾಲ ಬರ್ರಿ. ನೀವು ಇರೂತನಕ ನನ್ನ ಮಗಳು ಕೆಳಗ ಇಳಿಯೂದಿಲ್ಲ."

ಮಂತ್ರ ನಿಂತಿತು. ಸಮಾಜದ ಹಿರಿಯನೊಬ್ಬ ಮುಂದೆ ಬಂದ. "ದುಃಖದಾಗ ಏನೇನೋ ಮಾತಾಡಬ್ಯಾಡ್ರಿ ಯವ್ವಾ. ಏಳ್ರಿ, ಹೊತ್ತಾಗ್ತದ."

"ನನಗ ದುಃಖ ಅದರಿ. ತಲಿ ಕೆಟ್ಟಿಲ್ಲ. ನನ್ನ ಮಗಳು ಇವಗ ಮುಟ್ಟಬ್ಯಾಡ ಅಂದಿದ್ಲು. ಅವತ್ತ ಅಕಿ ಮಾತು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಇವತ್ತ ಅಕಿಗೆ ಬಾಯಿ ಇಲ್ಲ. ಅದಕ್ಕ ನಾ ಹೇಳಾಕತ್ತೀನಿ. ಬ್ಯಾಡ."

ಕುಣಿಯೊಳಗೆ ಶಿವರುದ್ರಪ್ಪನ ಮುಖ ಕಪ್ಪಿಟ್ಟಿತು. "ಹಂಗಾರ ಯಾರು ಕೂಡಸ್ತಾರ? ಕರೀರಿ ನೋಡೂಣು!" ಎಂದು ಮೇಲೆ ನೋಡಿದ. ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ಹಿಂದಕ್ಕೂ ಸರಿದ.

"ನಾ ಇಳೀತೀನಿ," ಎಂದಳು ಭೀಮವ್ವ. "ಅಯ್ಯನವರ, ಹೆಂಗಸು ಇಳೀಬಾರದಂತ ಎಲ್ಲೆರ ಹೇಳ್ಯಾರೇನ್ರಿ?"

ಅಯ್ಯನವರು ಜೋಳಿಗೆ ಸರಿಪಡಿಸಿಕೊಂಡರು. "ಹೇಳಿಲ್ಲವ್ವಾ... ರೂಢಿ ಇಲ್ಲ."

"ಹೇಳಿಲ್ಲಲ್ರಿ. ಸಾಕು."

ಆದರೂ ಒಳಗಿದ್ದವನು ಕದಲಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ನಿಂತುಬಿಟ್ಟ. ಅವನನ್ನು ಎಳೆದು ತೆಗೆಯುವವರು ಯಾರು? ಮಾಯಾ ಗುಂಪಿನ ನಡುವೆ ದಾರಿ ಮಾಡಿಕೊಂಡು ಬಂದು ಭೀಮವ್ವನ ಪಕ್ಕ ಕೂತಳು. ಈಗ ಇಬ್ಬರು ಹೆಂಗಸರು, ಹಿಂದೆ ಕುರ್ಚಿಯ ಮೇಲೆ ಇನ್ನೊಬ್ಬಳು. ಬಿಸಿಲಿಗೆ ಶೈಲಶ್ರೀಯ ಹಣೆಯ ವಿಭೂತಿ ಒಣಗಿ ಉದುರುತ್ತಿತ್ತು.

ಅಮರ ಅಕ್ಕನ ಮುಖ ನೋಡಿದ. ಕುಣಿಯ ಅಂಚಿಗೆ ಬಂದು ಮೊಣಕಾಲೂರಿ ಕೈ ಚಾಚಿದ.

"ಶಾಣ್ಯಾ ಇದ್ದೀ. ಎಬ್ಬಸು ನಿಮ್ಮವ್ವನ್ನ," ಎಂದ ಶಿವರುದ್ರಪ್ಪ.

"ಕೈ ಹಿಡೀರಿ ಸರ್. ಮ್ಯಾಲ ಬರ್ರಿ."

ಶಿವರುದ್ರಪ್ಪ ಅವನ ಕೈ ಹಿಡಿದ. ಹಿಡಿದು, ಅವನೊಬ್ಬನಿಗೇ ಕೇಳುವಂತೆ ಹೇಳಿದ: "ನಾಳೆ ಕೆಲಸಕ್ಕ ಬರಾಂವಿದ್ದೀ ಇಲ್ಲೋ?"

"ಗೊತ್ತಿಲ್ರಿ," ಎಂದ ಅಮರ. "ಮ್ಯಾಲ ಬರ್ರಿ."

ಎಳೆದು ತೆಗೆದ. ಶಿವರುದ್ರಪ್ಪ ಮೊಣಕಾಲಿನ ಮಣ್ಣು ಕೊಡವಿ ಅಂಗಿಗೆ ಕೈ ಚಾಚಿದ. ಅಂಗಿ ಹಿಡಿದವನಿಗೆ ಕೊಡಬೇಕೆಂಬುದೂ ಮರೆತುಹೋಗಿತ್ತು.

ಭೀಮವ್ವ ಅಂಚಿನಲ್ಲಿ ಕಾಲು ಇಳಿಬಿಟ್ಟಳು. ಅಮರ ರಟ್ಟೆ ಹಿಡಿದು ಇಳಿಸಿದ. ಆಮೇಲೆ ಜೋಲಿಯ ಒಂದು ತುದಿ ಅವನು, ಇನ್ನೊಂದು ತುದಿ ಮಾಯಾ ಹಿಡಿದು ಶೈಲಶ್ರೀಯನ್ನು ಕೆಳಗೆ ಬಿಟ್ಟರು. ಭೀಮವ್ವ ಎರಡೂ ತೋಳಿನಲ್ಲಿ ತಬ್ಬಿ ಹಿಡಿದಳು. ಭಾರ ತಡೆಯದೆ ಒಮ್ಮೆ ಗೋಡೆಗೆ ಒರಗಿದಳು. ಮೇಲಿನಿಂದ ಯಾರೋ "ಅಯ್ಯೋ" ಎಂದರು. ಅವಳು ಬಿಡಲಿಲ್ಲ. ಉಸ್ಸೆನ್ನುತ್ತ ಗೂಡಿನೊಳಗೆ ಸರಿಸಿ, ಕಾಲು ಮಡಚಿ, ಬೆನ್ನು ಆನಿಸಿ ಕೂರಿಸಿದಳು.

ಅಯ್ಯನವರು ಮಂತ್ರ ಮುಗಿಸಿದರು. ಬಿಲ್ವಪತ್ರೆ, ವಿಭೂತಿ, ಉಪ್ಪು ಎಲ್ಲ ಕೆಳಗಿಳಿದವು. "ಬಾರವ್ವಾ, ಸಾಕು," ಎಂದು ಅಮರ ಬಗ್ಗಿ ಕೈ ಚಾಚಿದ.

ಭೀಮವ್ವ ಮೇಲೆ ನೋಡಲಿಲ್ಲ. ಇಳಿಸುವಾಗ ಸರಿದುಹೋಗಿದ್ದ ಮಗಳ ಸೆರಗನ್ನು ಎಳೆದು ಅವಳ ಸೊಂಟಕ್ಕೆ ಸುತ್ತು ಹಾಕಿ, ತುದಿಯನ್ನು ಗಟ್ಟಿಯಾಗಿ ಸಿಕ್ಕಿಸಿ, ಅದರ ಮೇಲೆ ತನ್ನ ಕೈ ಇಟ್ಟುಕೊಂಡು ಕೂತಿದ್ದಳು. ಮೇಲೆ ಸಲಿಕೆ ಹಿಡಿದವರು ಕಾಯುತ್ತ ನಿಂತಿದ್ದರು.