ಚಲುವರಾಜನ ತಲೆಯ ಮೇಲೆ ಕರಿಘಟ್ಟ

ಪಾಂಡವಪುರದ ಬಸ್ ನಿಲ್ದಾಣದ ಎದುರಿಗೆ ಕಟಿಂಗ್ ಷಾಪು ಇಟ್ಟಿದ್ದ ಮುಬಾರಕನಿಗೆ ಒಂದೇ ಕೊರಗು. ಅವನು ಚಿತ್ರಗಾರ, ಆದರೆ ಅವನ ಚಿತ್ರ ಒಂದೂ ಇಟ್ಟ ಕಡೆ ಇರುತ್ತಿರಲಿಲ್ಲ. ಕಾಗದದ ಮೇಲೆ ಬರೆದಿದ್ದರೆ ಸುರುಳಿ ಸುತ್ತಿ ಅಟ್ಟದ ಮೇಲಾದರೂ ಎಸೆಯಬಹುದಿತ್ತು. ಇವನು ಬರೆಯುತ್ತಿದ್ದುದು ಗಿರಾಕಿಗಳ ತಲೆಯ ಹಿಂಭಾಗದಲ್ಲಿ, ಟ್ರಿಮ್ಮರು ಮತ್ತು ಕತ್ತಿ ಹಿಡಿದು, ಇದ್ದ ಕೂದಲನ್ನೇ ಕೆತ್ತಿ. ಕೆಲಸ ಮುಗಿಯುತ್ತಲೇ ಚಿತ್ರ ಎದ್ದು, ಹೆಗಲು ಕೊಡವಿಕೊಂಡು, ಕಿಕ್ಕೇರಿ ಬಸ್ಸು ಹತ್ತಿ ಹೊರಟುಬಿಡುತ್ತಿತ್ತು.

ಅವನು ಮಾಡಿದ ನವಿಲೊಂದು ಮಹದೇವಸ್ವಾಮಿ ಎಂಬುವವರ ತಲೆಯ ಮೇಲೆ ಕೂತು ಕೆ.ಆರ್.ಎಸ್.ಗೆ ದಿನಾ ನೀರಾವರಿ ಕೆಲಸಕ್ಕೆ ಹೋಗಿ ಬರುತ್ತಿತ್ತು. ಅದೂ ಎಷ್ಟು ದಿನ? ಕೂದಲು ಬೆಳೆಯಬೇಡ ಅಂದರೆ ಕೇಳುತ್ತದೆಯೆ? ವಾರದಲ್ಲಿ ನವಿಲು ಕೋಳಿಯಾಯಿತು, ಇನ್ನೊಂದು ವಾರಕ್ಕೆ ಕೋಳಿ ಮುಳ್ಳುಹಂದಿಯಾಯಿತು. ಬೇರೆಯವರ ಚಿತ್ರಕ್ಕೆ ಧೂಳು ಹಿಡಿಯುತ್ತದೆ, ನಿನ್ನ ಚಿತ್ರಕ್ಕೆ ಹೇನು ಹಿಡಿಯುತ್ತದೆ ಎಂದು ಹೆಂಡತಿ ತಸ್ಲೀಮ್ ಆಡಿಕೊಳ್ಳುತ್ತಿದ್ದಳು. ಅವಳ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ, ಅದಕ್ಕೇ ಅವನಿಗೆ ಉರಿಯುತ್ತಿತ್ತು.

ಅಂಥದರಲ್ಲಿ ಶ್ರೀರಂಗಪಟ್ಟಣದ ಒಂದು ಕಲಾಸಂಘದವರು ಅಪರೂಪದ ಕಲೆಗಳ ಪ್ರದರ್ಶನ ಇಟ್ಟರು. ಕಲ್ಲಂಗಡಿಯಲ್ಲಿ ಗಣಪತಿ ಕೆತ್ತುವವರು, ಅರಳಿ ಎಲೆಯಲ್ಲಿ ಮುಖ ಕತ್ತರಿಸುವವರು, ಒಡೆದ ಬಳೆಚೂರಿನಲ್ಲಿ ಆನೆ ಅಂಟಿಸುವವರು, ಎಲ್ಲರಿಗೂ ಜಾಗ ಇತ್ತು. ಮುಬಾರಕ್ ಮೊಬೈಲಿನಲ್ಲಿದ್ದ ಫೋಟೋಗಳನ್ನು ಹಿಡಿದು ಹೋದ. ಅವರು ನೋಡಿದರು, ನಕ್ಕರು, ಫೋಟೋ ನಡೆಯುವುದಿಲ್ಲ ಕೃತಿಯನ್ನೇ ತನ್ನಿ ಎಂದರು. ಶನಿವಾರ ಬೆಳಿಗ್ಗೆಯಿಂದ ತೀರ್ಪುಗಾರರು ಬರುವ ಸಾಯಂಕಾಲದವರೆಗೆ ಕೃತಿ ಅಲ್ಲೇ ಇರಬೇಕು, ನಡುವೆ ಎದ್ದು ಹೋಗಬಾರದು ಎಂದೂ ಸೇರಿಸಿ ಮತ್ತೆ ನಕ್ಕರು. ಆ ನಗು ಮುಬಾರಕನಿಗೆ ಚುಚ್ಚಿತು. ಬಹುಮಾನ ಯಾರಾದರೂ ಹೊಡೆದುಕೊಳ್ಳಲಿ, ಕಲೆ ಗೊತ್ತಿರುವ ಒಬ್ಬರು ತನ್ನ ಕೆಲಸದ ಮುಂದೆ ನಿಂತು ನೋಡಿ ಚೆನ್ನಾಗಿದೆ ಅನ್ನಬೇಕು. ಅವನಿಗೆ ಬೇಕಾಗಿದ್ದುದು ಅಷ್ಟೇ.

ಅದಕ್ಕೆ ತಕ್ಕ ತಲೆ ಚಲುವರಾಜನ ಹತ್ತಿರ ಇತ್ತು. ಪಕ್ಕದ ಹಳ್ಳಿಯ ಈ ಟ್ರಾಕ್ಟರು ಡ್ರೈವರು ಷಾಪಿನ ಕಡೆ ತಲೆ ಹಾಕಿ ವರ್ಷದ ಮೇಲಾಗಿತ್ತು. ಟೀ ಅಂಗಡಿಯಲ್ಲಿ ಸಿಕ್ಕಾಗ ಮುಬಾರಕ್ ಅವನ ಮುಖವನ್ನು ನೋಡಲೇ ಇಲ್ಲ. ಕಬ್ಬಿನ ಗದ್ದೆಯ ಹಾಗೆ ಒತ್ತಾಗಿ ಬೆಳೆದ ಕೂದಲು, ನೆತ್ತಿಯಲ್ಲಿ ಬೇರೆ ಎರಡು ಸುಳಿ. ಎರಡು ಸುಳಿ ಇದ್ದರೆ ಎರಡು ಮದುವೆ ಅನ್ನುತ್ತಾರೆ, ಪಾಪ ಅವನಿಗೆ ಒಂದೂ ಆಗಿರಲಿಲ್ಲ. ವಿಷಯ ಕೇಳಿ ಚಲುವರಾಜು ‘ನಮ್ಮವ್ವ’ ಎಂದು ಶುರುಮಾಡಿ ಮಾತು ನುಂಗಿಕೊಂಡ. ಆಮೇಲೆ ಪೇಪರಿನಲ್ಲಿ ಫೋಟೋ ಬರುತ್ತದೋ ಎಂದು ವಿಚಾರಿಸಿದ. ಬಂದೇ ಬರುತ್ತದೆ ಎಂದು ಮುಬಾರಕ್ ಹೇಳಿದ ಮೇಲೆ ತಲೆ ಕೊಟ್ಟ.

ಶುಕ್ರವಾರ ಷಾಪಿನ ಬಾಗಿಲು ಅರ್ಧ ಎಳೆದುಕೊಂಡು ಮುಬಾರಕ್ ಕರಿಘಟ್ಟದ ಬೆಟ್ಟವನ್ನು ಕೆತ್ತಿದ. ಕತ್ತಿನ ಬಳಿ ಹೊಳೆ, ಅಲ್ಲಿಂದ ಕಿವಿಯ ಹಿಂದಕ್ಕೆ ಸುತ್ತಿ ಏರುವ ಮೆಟ್ಟಿಲು, ಉದ್ದ ಬಿಟ್ಟ ಕೂದಲಲ್ಲಿ ಕುರುಚಲು ಕಾಡು, ಮೇಲೆ ಗೋಪುರ. ಎರಡು ಸುಳಿ ಸೂರ್ಯ ಚಂದ್ರರಾದವು. ಮುಗಿದಾಗ ಅವನಿಗೇ ಮೈ ಜುಮ್ಮೆಂದಿತು. ಇಷ್ಟು ಒಳ್ಳೆಯದನ್ನು ಅವನು ಹಿಂದೆಂದೂ ಮಾಡಿರಲಿಲ್ಲ, ಅದು ಅವನಿಗೆ ಗೊತ್ತಿತ್ತು.

ಶನಿವಾರ ಬೆಳಿಗ್ಗೆ ಕಲ್ಲಂಗಡಿಗೂ ಅರಳಿ ಎಲೆಗೂ ನಡುವೆ ಒಂದು ಸ್ಟೂಲು ಹಾಕಿಸಿ, ಚಲುವರಾಜನನ್ನು ಗೋಡೆಗೆ ಮುಖ ಮಾಡಿ ಕೂರಿಸಿದ. ಜನ ಬಂದರು. ನಕ್ಕವರು ಹತ್ತಿರ ಬಂದು ಬಗ್ಗಿ ಮೆಟ್ಟಿಲು ಎಣಿಸಿದರು. ನಾಗಮಂಗಲದ ಕಡೆಯ ಮುದುಕರೊಬ್ಬರು ಚಪ್ಪಲಿ ಕಳಚಿ ಕೈ ಮುಗಿದರು. ಚಲುವರಾಜು ಒಮ್ಮೆ ಚಂದ್ರನನ್ನು ಕೆರೆದುಕೊಳ್ಳಲು ಕೈ ಎತ್ತಿದಾಗ ಮುಬಾರಕ್ ಹಾರಿ ಅವನ ಕೈ ಹಿಡಿದುಕೊಂಡ.

ಅಷ್ಟರಲ್ಲಿ ಚಲುವರಾಜನ ತಾಯಿ ಚಿಕ್ಕಬೋರಮ್ಮ ಬಂದಳು. ಗೊಬ್ಬರ ತರಲೆಂದು ಶುಕ್ರವಾರವೇ ಮನೆ ಬಿಟ್ಟಿದ್ದ ಮಗ ಶ್ರೀರಂಗಪಟ್ಟಣದಲ್ಲಿ ಸ್ಟೂಲಿನ ಮೇಲೆ ಕೂತಿದ್ದಾನೆ ಎಂದು ಬಸ್ಸಿನ ಕಂಡಕ್ಟರು ಅವಳ ಕಿವಿಗೆ ಹಾಕಿದ್ದ. ಅವಳು ಚಿತ್ರವನ್ನು ನೋಡಲಿಲ್ಲ, ಹೋದ ಕೂದಲನ್ನು ನೋಡಿದಳು.

“ಲೇ ಚಲುವ, ಇದು ಯಾರ ಕೂದ್ಲು ಅಂದ್ಕಂಡಿದ್ದೀಯ್ಲಾ? ಕರಿಘಟ್ಟದ ತಿಮ್ಮಪ್ಪಂದು ಕಣ್ಲಾ ಇದು.”

ಸಂಗತಿ ಹೀಗೆ. ಹೋದ ವರ್ಷ ಚಿಕ್ಕಬೋರಮ್ಮನ ಎಮ್ಮೆ ಕಳೆದುಹೋಗಿತ್ತು. ಎಮ್ಮೆ ಸಿಕ್ಕರೆ ಮಗನ ಮುಡಿ ಕೊಡುತ್ತೇನೆ ಎಂದು ಅವಳು ಕರಿಘಟ್ಟದ ದೇವರಿಗೆ ಹರಕೆ ಹೊತ್ತಳು. ಎಮ್ಮೆ ಅವಳದು, ಹರಕೆ ಅವಳದು, ಕೂದಲು ಮಾತ್ರ ಮಗನದು. ಎಮ್ಮೆ ತಾನಾಗಿ ಮನೆಗೆ ಬಂತು. ದೇವರಿಗೆ ಬಿಟ್ಟ ಮುಡಿಗೆ ಒಪ್ಪಿಸುವವರೆಗೂ ಕತ್ತರಿ ತಾಗಿಸುವಂತಿಲ್ಲ. ಅದು ಮುಬಾರಕನಿಗೂ ಚೆನ್ನಾಗಿ ಗೊತ್ತು, ಅಂಥ ಎಷ್ಟೋ ತಲೆಗಳನ್ನು ಅವನು ಬಾಗಿಲಿಂದಲೇ ವಾಪಸು ಕಳಿಸಿದ್ದ. ಈ ಗೊಬ್ಬರದ ಗಿರಾಕಿ ಬಾಯಿ ಬಿಟ್ಟಿದ್ದರಲ್ಲವೆ.

ಕತ್ತರಿಸಿದ ಕೂದಲಾದರೂ ಎಲ್ಲಿ ಎಂದು ಅವಳು ಕೇಳಿದಳು. ಷಾಪಿನ ಚೀಲದಲ್ಲಿ, ಪಾಂಡವಪುರದ ಕೂದಲಿನ ಜೊತೆ ಬೆರೆತುಹೋಗಿದೆ ಎಂದು ಮುಬಾರಕ್ ತಲೆ ತಗ್ಗಿಸಿದ. ಹಾಗಾದರೆ ಊರವರ ಮುಡಿಯನ್ನೆಲ್ಲ ತಾನೇ ಒಪ್ಪಿಸಬೇಕೆ ಎಂದು ಅವಳು ರೇಗಿದಳು. ಸಾಯಂಕಾಲದವರೆಗೆ ಬಿಡಿ ಎಂದು ಅವನು ಅಂಗಲಾಚಿದ. ಶನಿವಾರ ದೇವರ ವಾರ, ಇದ್ದ ಕೂದಲಾದರೂ ಈಗಲೇ ಸಲ್ಲಬೇಕು ಎಂದು ಮಗನ ರಟ್ಟೆ ಹಿಡಿದು ಎಬ್ಬಿಸಿದಳು. ಕೆಡಿಸಿದವನೂ, ತಿದ್ದಲು ತಂದಿದ್ದ ಕ್ಷೌರದ ಪೆಟ್ಟಿಗೆ ಸಮೇತ, ಜೊತೆಗೆ ಬರಬೇಕಂತೆ. ಆಟೋದ ಹಿಂದಿನ ಸೀಟಿನಲ್ಲಿ ಮೂವರೂ ಒತ್ತಿಕೊಂಡು ಕೂತರು. ಗೋಪುರ ಅಳಿಸದಿರಲಿ ಎಂದು ಮುಬಾರಕ್ ದಾರಿಯುದ್ದಕ್ಕೂ ಚಲುವರಾಜನ ತಲೆಯ ಹಿಂದೆ ಅಂಗೈ ಒಡ್ಡಿದ್ದ.

ಬೆಟ್ಟದ ಬುಡದ ಹೊಳೆದಂಡೆಯಲ್ಲಿ ಮುಡಿ ತೆಗೆಯುವ ಕುಳ್ಳಯ್ಯ ಕತ್ತಿ ಮಸೆದು, ತಲೆ ತಿರುಗಿಸಿ ನೋಡಿ, ಕತ್ತಿಯನ್ನು ಕೆಳಗಿಟ್ಟುಬಿಟ್ಟ. ದೇವಸ್ಥಾನದ ಗೋಪುರಕ್ಕೆ ಕತ್ತಿ ಹಾಕುವ ಕೆಲಸ ಅವನ ವಂಶದಲ್ಲೇ ಯಾರೂ ಮಾಡಿಲ್ಲವಂತೆ. ಆಗ ಚಿಕ್ಕಬೋರಮ್ಮ ಮೊದಲ ಸಲ ಚಿತ್ರವನ್ನು ನೋಡಿದಳು. ಅವಳ ಕೈ ತಾನಾಗಿ ಮುಗಿಯಿತು, ಮುಗಿದದ್ದಕ್ಕೆ ಸಿಟ್ಟೂ ಬಂತು. ಬೋಳಿಸಿದರೆ ಗುಡಿ ಕೆಡವಿದ ಪಾಪ, ಬೋಳಿಸದಿದ್ದರೆ ಹರಕೆ ತಪ್ಪಿದ ಪಾಪ. ಅತ್ತ ದರಿ, ಇತ್ತ ಪುಲಿ. ಎಮ್ಮೆ ಯಾಕಾದರೂ ಸಿಕ್ಕಿತೋ ಎಂದು ಅವಳು ಅಲ್ಲೇ ಕುಸಿದು ಕೂತಳು.

ಬೆಟ್ಟದ ಮೇಲಿನ ಅರ್ಚಕರಾದ ಶ್ರೀಕಂಠಯ್ಯನವರನ್ನು ಕೇಳುವುದೆಂದಾಯಿತು. ಅವರು ಕನ್ನಡಕ ಹಾಕಿಕೊಂಡು ಕಿವಿಯಿಂದ ಕಿವಿಗೆ ಪೂರ್ತಿ ಓದಿದರು. ದೇವರ ಚಿನ್ನವನ್ನು ಅಕ್ಕಸಾಲಿಗ ಒಡವೆ ಮಾಡಿದರೆ ಮೊದಲು ದೇವರಿಗೆ ತೋರಿಸಿ ಆಮೇಲೆ ಒಪ್ಪಿಸುವುದಿಲ್ಲವೆ, ಇದೂ ಹಾಗೇ, ತೋರಿಸಿ ಆಮೇಲೆ ತೆಗೆಯಿರಿ ಎಂದರು. ಎಲ್ಲರಿಗೂ ಸಮಾಧಾನವಾಯಿತು. ಆದರೆ ಚಲುವರಾಜು ಒಳಗೆ ಹೋಗಿ ದೇವರ ಎದುರು ನಿಂತಾಗ ಇನ್ನೊಂದು ತೊಡಕು ಎದ್ದಿತು. ದೇವರಿಗೆ ಮುಖ ಮಾಡಿದರೆ ಕಾಣುವುದು ಅವನ ಮೀಸೆ. ಬೆಟ್ಟ ತೋರಿಸಬೇಕಾದರೆ ದೇವರಿಗೆ ಬೆನ್ನು ತಿರುಗಿಸಬೇಕು, ಅದಂತೂ ಆಗದ ಮಾತು. ಅವನು ಅರ್ಧ ತಿರುಗಿ, ತಾಯಿಯ ಮುಖ ನೋಡಿ, ಮತ್ತೆ ಇತ್ತ ತಿರುಗಿ, ದೀಪದ ಮುಂದೆ ಬುಗುರಿಯಾದ.

ಹೊರಗೆ ಕಂಬದ ಬಳಿ ನಿಂತಿದ್ದ ಮುಬಾರಕನಿಗೆ ನೋಡಲಾಗಲಿಲ್ಲ. ದಿನವಿಡೀ ಮಾಡುವ ಕೆಲಸ ಅಲ್ಲವೆ ಇದು? ಪೆಟ್ಟಿಗೆ ತೆಗೆದು ಕೈಗನ್ನಡಿ ಎತ್ತಿ ತೋರಿಸಿದ. ಶ್ರೀಕಂಠಯ್ಯನವರ ಮುಖ ಅರಳಿತು. ದೇವರಿಗೆ ಕನ್ನಡಿ ಸೇವೆ ತಾವೂ ಮಾಡುವುದೇ ತಾನೆ ಎಂದು, ಅವನನ್ನು ಬಾಗಿಲವರೆಗೆ ಕರೆದು ಚಲುವರಾಜನ ಹಿಂದೆ ನಿಲ್ಲಿಸಿದರು.

ಮುಬಾರಕ್ ಕನ್ನಡಿಯನ್ನು ಆ ತಲೆಯ ಹಿಂದೆ ಹಿಡಿದು, ಎದುರಿಗಿರುವವರಿಗೆ ಪೂರ್ತಿ ಕಾಣುವ ಹಾಗೆ ಮೆಲ್ಲಗೆ ಎಡಕ್ಕೂ ಬಲಕ್ಕೂ ಓರೆ ಮಾಡಿದ. ಗಿರಾಕಿಗೆ ಕನ್ನಡಿ ಹಿಡಿದಾಗ ಬರುವ ಮಾತು, ಬೇಡವೆಂದರೂ, ಬಾಯಿಗೆ ಬಂದುಬಿಟ್ಟಿತು.

“ನೋಡಿ, ಸರಿಗೈತಾ?”

ದೇವರ ಬಲಗಡೆಯಿಂದ ಒಂದು ಸೇವಂತಿಗೆ ಹೂ ಕಳಚಿ ಪೀಠದ ಮೇಲೆ ಬಿತ್ತು. ಬೆಳಿಗ್ಗೆ ಹಾರ ಸಡಿಲ ಕಟ್ಟಿದ್ದೆ ಎಂದು ಶ್ರೀಕಂಠಯ್ಯನವರು ಏನೋ ಹೇಳಹೊರಟರು. ಬಲಗಡೆಯ ಹೂ ಬಿದ್ದರೆ ಏನರ್ಥ ಎಂದು ಚಿಕ್ಕಬೋರಮ್ಮನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳು ಗಲ್ಲ ಬಡಿದುಕೊಂಡಳು.

ಕೆಳಗಿಳಿದು ಬಂದು ಹೇಳಿದರೂ ಕುಳ್ಳಯ್ಯ ಕತ್ತಿ ಮುಟ್ಟಲು ಒಪ್ಪಲಿಲ್ಲ. ಮುಬಾರಕನೇ ಕತ್ತಿಗೆ ಹೊಸ ಬ್ಲೇಡು ಹಾಕಿದ. ಹಾಕಿದವನು ಹಾಗೇ ಕೂತ. ಈಗ ಶ್ರೀರಂಗಪಟ್ಟಣದಲ್ಲಿ ತೀರ್ಪುಗಾರರು ಬಂದಿರುತ್ತಾರೆ, ಕಲ್ಲಂಗಡಿ ನೋಡಿ, ಖಾಲಿ ಸ್ಟೂಲು ನೋಡಿ, ಅರಳಿ ಎಲೆಯ ಕಡೆ ಹೋಗುತ್ತಾರೆ. ಇಂಥ ಬೆಟ್ಟ ತನ್ನ ಕೈಯಲ್ಲಿ ಇನ್ನೊಮ್ಮೆ ಹುಟ್ಟುತ್ತದೋ ಇಲ್ಲವೋ. ಅವನ ಕಣ್ಣು ತುಂಬಿ ಬಂತು, ಗೋಪುರ ಎರಡಾಗಿ ಕಂಡಿತು.

ಚಿಕ್ಕಬೋರಮ್ಮ ಪಕ್ಕಕ್ಕೆ ಬಂದು ಕುಕ್ಕರಗಾಲಲ್ಲಿ ಕೂತಳು.

“ಬೋಳ್ಸು ಕಣ್ಲಾ ಮುಬಾರಕ. ತಿಮ್ಮಪ್ಪನೇ ನೋಡಿ ಒಪ್ಕಂಡಾಯ್ತು. ಇನ್ಯಾರಿಗ್ಲಾ ತೋರಿಸ್ಬೇಕು ನೀನು?”

ಮುಬಾರಕ್ ತೋಳಿನಲ್ಲಿ ಮೂಗು ಒರೆಸಿಕೊಂಡ. ಬೊಗಸೆಯಲ್ಲಿ ಹೊಳೆಯ ನೀರು ತುಂಬಿ ಚಲುವರಾಜನ ನೆತ್ತಿಗೆ ಸುರಿದು, ಸೂರ್ಯನ ಕಡೆಯಿಂದ ಶುರು ಮಾಡಿದ.